ಭಾನುವಾರದ ರೈಲು: ಆಖೆನ್‌ನಿಂದ ಎರಡು ಗಂಟೆಯೊಳಗಿನ ಯುರೋಪ್

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ಹಾಲು, ತರಕಾರಿ, ಬಲ್ಬು ಏನೇ ಬೇಕಿದ್ದರೂ ಶನಿವಾರ ರಾತ್ರಿಯೊಳಗೆ ತಂದಿಟ್ಟುಕೊಂಡಿರಬೇಕು. ಗೋಡೆಗೆ ಮೊಳೆ ಹೊಡೆಯುವ ಹಾಗೂ ಇಲ್ಲ, ಭಾನುವಾರ ಸದ್ದು ಮಾಡಬಾರದು. ಆಖೆನ್‌ಗೆ ಎಂ.ಎಸ್. ಓದಲು ಹೋದ ಹೊಸತರಲ್ಲಿ ಆ ದಿನವನ್ನು ಹೇಗೆ ಕಳೆಯಬೇಕು ಅಂತಲೇ ತಿಳಿಯುತ್ತಿರಲಿಲ್ಲ. ತಡವಾಗಿ ಏಳುವುದು, ಅನ್ನ ಸಾರು ಮಾಡುವುದು, ಮನೆಗೆ ವಿಡಿಯೋ ಕಾಲ್, ಮತ್ತೆ ಮಲಗುವುದು. ನಾನು ಊರೂರು ಸುತ್ತಲು ಶುರು ಮಾಡಿದ್ದು ಯುರೋಪ್ ನೋಡುವ ಹುಚ್ಚಿನಿಂದೇನಲ್ಲ. ಭಾನುವಾರದ ಬೇಸರ ತಡೆಯಲಾರದೆ.

ಜೊತೆಯವರು ಸುತ್ತುವ ರೀತಿ ಬೇರೆ ಇತ್ತು. ಶುಕ್ರವಾರ ರಾತ್ರಿ ಬಸ್ ಹತ್ತಿ ಪ್ರಾಗ್‌ಗೆ ಹೋಗುವುದು, ಭಾನುವಾರ ರಾತ್ರಿ ಮತ್ತೆ ಬಸ್, ಸೋಮವಾರ ಬ್ಯಾಗ್ ಸಮೇತ ಕ್ಲಾಸಿಗೆ ಬಂದು ತೂಕಡಿಸುವುದು. 'ಎಷ್ಟು ದೇಶ ಆಯ್ತು?' ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು. ನನಗೆ ಅದು ಒಗ್ಗಲಿಲ್ಲ. ದುಡ್ಡೂ ಇರಲಿಲ್ಲ ಅನ್ನಿ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡುವ ಹಣದಿಂದ ನಾನಿದ್ದಾಗ ತಿಂಗಳಿಗೆ ಕೈಗೆ ಸಿಗುತ್ತಿದ್ದದ್ದು 992 ಯೂರೋ. ಅದರಲ್ಲಿ ರೂಮಿನ ಬಾಡಿಗೆ, ಇನ್ಶೂರೆನ್ಸ್, ದಿನಸಿ ಕಳೆದರೆ ಹೋಟೆಲ್‌ನಲ್ಲಿ ಉಳಿಯುವ ಮಾತೇ ಇಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಮನೆಯಿಂದ ಸುಮಾರು ಎರಡು ಗಂಟೆಯೊಳಗೆ ತಲುಪುವ ಊರು, ರಾತ್ರಿ ವಾಪಸ್ ಬಂದು ನನ್ನ ಹಾಸಿಗೆಯಲ್ಲೇ ನಿದ್ದೆ.

ಈ ನಿಯಮಕ್ಕೆ ಆಖೆನ್‌ಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಜರ್ಮನಿಯ ಪಶ್ಚಿಮದ ಅಂಚಿನಲ್ಲಿದೆ. ಒಂದು ಕಡೆ ಬೆಲ್ಜಿಯಂ, ಇನ್ನೊಂದು ಕಡೆ ನೆದರ್‌ಲ್ಯಾಂಡ್ಸ್. ಟಿಕೆಟ್ ವಿಷಯದಲ್ಲೂ ನಮ್ಮ ಬ್ಯಾಚಿಗೆ ಅದೃಷ್ಟ ಇತ್ತು. 2023ರ ಮೇ ತಿಂಗಳಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಬಂತು. ಆಗ ತಿಂಗಳಿಗೆ 49 ಯೂರೋ, 2025ರಲ್ಲಿ 58 ಆಯಿತು. ಅದಿದ್ದರೆ ದೇಶದ ಉದ್ದಗಲಕ್ಕೂ ಸಿಟಿ ಬಸ್, ಟ್ರಾಮ್, ಲೋಕಲ್ ಮತ್ತು ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು. ವಿದ್ಯಾರ್ಥಿಗಳಿಗೆ ಅದೇ ಟಿಕೆಟ್ ಸೆಮಿಸ್ಟರ್ ಶುಲ್ಕದ ಜೊತೆಗೇ ಬರುತ್ತಿತ್ತು, ಮಾಮೂಲಿ ದರದ ಶೇ. 60ಕ್ಕೆ. ಹೇಗೂ ಕಟ್ಟಿಯಾಗಿದೆ, ಇನ್ನು ಕೂತರೆ ನಷ್ಟ ಅಲ್ವಾ? ಒಂದೇ ಎಚ್ಚರಿಕೆ: ಐಸಿಇ, ಐಸಿ ಅಂತ ಬರೆದಿರುವ ವೇಗದ ರೈಲಿಗೆ ಇದು ನಡೆಯುವುದಿಲ್ಲ. ಆರ್‌ಇ, ಆರ್‌ಬಿ, ಎಸ್ ಅಂತ ಶುರುವಾಗುವ ರೈಲುಗಳಿಗೆ ಮಾತ್ರ ಹತ್ತಬೇಕು.

ಮೊದಲು ಹೋದದ್ದು ವಾಲ್ಸ್‌ಗೆ. ಇದನ್ನು ಪ್ರವಾಸ ಅಂದರೆ ನಗುತ್ತೀರಿ. ಸಿಟಿ ಬಸ್ಸಿನಲ್ಲಿ ಕೂತರೆ ನೆದರ್‌ಲ್ಯಾಂಡ್ಸ್ ಬಂದುಬಿಡುತ್ತದೆ. ಅಲ್ಲಿನ ಸೂಪರ್‌ಮಾರ್ಕೆಟ್ ಭಾನುವಾರವೂ ತೆರೆದಿರುತ್ತದೆ. ಶನಿವಾರ ಈರುಳ್ಳಿ ತರಲು ಮರೆತ ಆಖೆನ್‌ನ ಹುಡುಗರೆಲ್ಲ ಅಲ್ಲೇ ಸಿಗುತ್ತಾರೆ. ಊರಿನ ಹಿಂದಿನ ಗುಡ್ಡ ಹತ್ತಿದರೆ ಮೂರು ದೇಶಗಳ ಗಡಿ ಸೇರುವ ಜಾಗ. ಎತ್ತರ 322 ಮೀಟರ್ ಅಷ್ಟೇ, ಆದರೂ ನೆದರ್‌ಲ್ಯಾಂಡ್ಸ್‌ನ ಮುಖ್ಯ ಭೂಭಾಗದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಚಾಮುಂಡಿ ಬೆಟ್ಟ ನೋಡಿದವರು ಇದನ್ನು ಬೆಟ್ಟ ಅಂತ ಒಪ್ಪಲಾರರು. ಕಲ್ಲಿನ ಕಂಬದ ಸುತ್ತ ಎಲ್ಲರೂ ಒಂದು ಸುತ್ತು ಹಾಕಿ, ಮೂರು ದೇಶ ಮುಗಿಸಿದೆ ಅಂತ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಹಿಡಿಸಿದ್ದು ಬೇರೆ ವಿಷಯ. ಒಂದು ಕಾಲದಲ್ಲಿ ಇಲ್ಲಿ ಸೇರುತ್ತಿದ್ದದ್ದು ಮೂರಲ್ಲ, ನಾಲ್ಕು ಗಡಿಗಳು. ಪಕ್ಕದಲ್ಲಿದ್ದ ಸತುವಿನ ಗಣಿ ಯಾರಿಗೆ ಸೇರಬೇಕು ಅನ್ನುವ ಜಗಳ ಬಗೆಹರಿಯಲಿಲ್ಲ. ಅದಕ್ಕೇ 1816ರಲ್ಲಿ ಆ ಚೂರು ನೆಲವನ್ನು ಯಾರಿಗೂ ಪೂರ್ತಿ ಕೊಡದೆ 'ತಟಸ್ಥ ಮೊರೆನೆ' ಅಂತ ಬಿಟ್ಟರು. ನೂರು ವರ್ಷ ಹಾಗೇ ನಡೆಯಿತು. 1920ರಲ್ಲಿ ಅದು ಬೆಲ್ಜಿಯಂಗೆ ಸೇರಿತು.

ನಾನು ಮತ್ತೆ ಮತ್ತೆ ಹೋದ ಊರು ಲಿಯೇಜ್. ಬೆಲ್ಜಿಯಂನದು, ಲೋಕಲ್ ರೈಲಿನಲ್ಲಿ ಒಂದು ಗಂಟೆ ಆಸುಪಾಸು. ಗಡಿ ದಾಟಿದ ಮೇಲೆ ಜರ್ಮನ್ ಟಿಕೆಟ್ ನಡೆಯುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು. ಇಳಿದ ಕೂಡಲೇ ಗಿಲ್ಮಾಂ ಸ್ಟೇಷನ್ ಕಣ್ಣು ಕುಕ್ಕುತ್ತದೆ. ಸ್ಪೇನಿನ ಸಾಂತಿಯಾಗೊ ಕಲಾತ್ರಾವಾ ವಿನ್ಯಾಸ ಮಾಡಿದ, ಉಕ್ಕು ಗಾಜಿನ ಭಾರೀ ಕಮಾನು. 2009ರಲ್ಲಿ ತೆರೆದದ್ದು. ಆದರೆ ನಾನು ಹೋಗುತ್ತಿದ್ದದ್ದು ಸಂತೆಗೆ. ಮ್ಯೂಸ್ ನದಿಯ ದಂಡೆಯುದ್ದಕ್ಕೂ ಪ್ರತಿ ಭಾನುವಾರ ಬೆಳಿಗ್ಗೆ 'ಲಾ ಬಾತ್' ಅಂತ ಸಂತೆ ನಡೆಯುತ್ತದೆ. ಸಂತೆ ಅಂದರೆ ಸಂತೆಯೇ. ಕೂಗು, ತಳ್ಳಾಟ, ಚೀಸ್ ರಾಶಿ, ಆಲಿವ್ ಬಕೆಟ್‌ಗಳು, ಒಳಚಡ್ಡಿ ಗುಡ್ಡೆ, ಪಂಜರದಲ್ಲಿ ಕೋಳಿ. ಮಾತೇ ಆಡದ ಜರ್ಮನ್ ಭಾನುವಾರದಿಂದ ಒಂದು ಗಂಟೆ ದೂರದಲ್ಲಿ ಇಷ್ಟು ಗದ್ದಲ ಕೇಳಿ ಖುಷಿಯಾಗಿಬಿಟ್ಟಿತು. ಬೇಗ ಹೋದರೆ ಒಳ್ಳೆಯ ಮಾಲು, ಮಧ್ಯಾಹ್ನ ಸಂತೆ ಎತ್ತುವ ಹೊತ್ತಿಗೆ ಹೋದರೆ ಅಗ್ಗ. ನಾನು ಯಾವಾಗಲೂ ಎರಡನೆಯ ಪಕ್ಷ. ಕೊನೆಗೆ ಉಳಿದ ಮಾವಿನಹಣ್ಣು, ಟೊಮೆಟೊ ಪೆಟ್ಟಿಗೆಗಳನ್ನು ಸಿಕ್ಕ ಬೆಲೆಗೆ ಕೂಗುತ್ತಿರುತ್ತಾರೆ. ಒಂದು ಪೆಟ್ಟಿಗೆ ಹೊತ್ತು ರೈಲು ಹತ್ತಿದರೆ ವಾರದ ಗೊಜ್ಜಿಗೆ ದಾರಿಯಾಯಿತು.

ಅಲ್ಲಿ ತಿನ್ನಲೇಬೇಕಾದದ್ದು ಲಿಯೇಜ್‌ನ ವಾಫಲ್. ನಮ್ಮ ಮಾಲ್‌ಗಳಲ್ಲಿ ಸಿಗುವ, ಚಾಕೊಲೇಟ್ ಸುರಿದ ಮೆತ್ತನೆಯ ವಾಫಲ್ ಅಲ್ಲ ಇದು. ಹಿಟ್ಟು ದೋಸೆ ಹಿಟ್ಟಿನ ಹಾಗೆ ನೀರಾಗಿರುವುದಿಲ್ಲ. ಯೀಸ್ಟ್ ಹಾಕಿ ಉಬ್ಬಿಸಿದ ಗಟ್ಟಿ ಕಣಕ. ಅದರೊಳಗೆ ಕಲ್ಲುಸಕ್ಕರೆಯಂಥ ಬಿಳಿ ಸಕ್ಕರೆ ಹರಳು ಸೇರಿಸಿರುತ್ತಾರೆ. ಒಂದು ಉಂಡೆ ತೆಗೆದು ಕಾದ ಕಬ್ಬಿಣದ ಅಚ್ಚಿನಲ್ಲಿ ಒತ್ತುತ್ತಾರೆ. ಹೊರಗಿನ ಹರಳು ಕರಗಿ, ಕಂದು ಬಣ್ಣಕ್ಕೆ ತಿರುಗಿ, ಗಾಜಿನಂತೆ ಅಂಟಿಕೊಳ್ಳುತ್ತದೆ. ಒಳಗಿನವು ಹಾಗೇ ಉಳಿದು ಹಲ್ಲಿಗೆ ಕಟಕ್ ಅನ್ನುತ್ತವೆ. ಕಾಗದದ ಚೂರಿನಲ್ಲಿ ಸುತ್ತಿ ಕೊಟ್ಟದ್ದನ್ನು ಬೆರಳು ಸುಟ್ಟುಕೊಳ್ಳುತ್ತಾ ನಿಂತೇ ತಿನ್ನಬೇಕು. ಮೊಟ್ಟೆ ಇರುತ್ತದೆ, ಗೊತ್ತಿರಲಿ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಬೆಲ್ಜಿಯಂನ ಆಲೂಗಡ್ಡೆ ಫ್ರೈಸ್ ನೋಡಲು ಅಮಾಯಕ. ಆದರೆ ಹಳೆಯ ಪದ್ಧತಿಯ ಅಂಗಡಿಗಳಲ್ಲಿ ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ. ಕೇಳಿ ತೆಗೆದುಕೊಳ್ಳಿ. ತಿಂದದ್ದು ಕರಗಬೇಕಿದ್ದರೆ ಪಕ್ಕದಲ್ಲೇ ಬ್ಯೂರೆನ್ ಮೆಟ್ಟಿಲುಗಳಿವೆ. ಒಂದೇ ನೇರಕ್ಕೆ 374 ಮೆಟ್ಟಿಲು, ಎರಡೂ ಕಡೆ ಮನೆಗಳು. ದಿನಾ ತರಕಾರಿ ಚೀಲ ಹಿಡಿದು ಹತ್ತುವವರನ್ನು ನೋಡಿ ಪಾಪ ಅನ್ನಿಸಿತು.

ಬ್ರಸೆಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಹೆಸರಾಂತ ಉಚ್ಚೆ ಹೊಯ್ಯುವ ಹುಡುಗನ ಮೂರ್ತಿ ಎರಡಡಿಯೂ ಇಲ್ಲ. ಮಾಸ್ಟ್ರಿಕ್ಟ್ ಮಾತ್ರ ಬಿಡಬೇಡಿ. ಆಖೆನ್‌ನಿಂದ ನೇರ ಬಸ್ ಇದೆ, ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ. 13ನೇ ಶತಮಾನದ ಚರ್ಚೊಂದರೊಳಗೆ ಪುಸ್ತಕದಂಗಡಿ ಮಾಡಿದ್ದಾರೆ. ಪೂಜೆಯ ಜಾಗದಲ್ಲಿ ಕಾಫಿ ಟೇಬಲ್ಲು, ಕಂಬಗಳ ನಡುವೆ ಅಟ್ಟದಷ್ಟು ಎತ್ತರದ ಕಪಾಟು. ಮಳೆ ಬಂದರೆ ಅಲ್ಲೇ ಇಡೀ ಮಧ್ಯಾಹ್ನ ಕೂರಬಹುದು. ಯಾರೂ ಎಬ್ಬಿಸುವುದಿಲ್ಲ.

ಕಲೋನ್ ಒಂದು ಗಂಟೆ ದೂರ. ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ಕೆಥೆಡ್ರಲ್, ಕತ್ತು ನೋಯುವಷ್ಟು ಎತ್ತರ. 157 ಮೀಟರ್. ನನ್ನ ಜೊತೆ ಧಾರವಾಡದ ಗೆಳೆಯನೊಬ್ಬ ಬಂದಿದ್ದ. 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದರು ಅಂತ ಹೇಳಿದೆ. ನಡುವೆ ಸುಮಾರು 300 ವರ್ಷ ಕೆಲಸ ನಿಂತು, ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನ್ ಹಾಗೇ ಉಳಿದಿತ್ತು ಅಂತಲೂ ಹೇಳಿದೆ. ಅವನು ಮೇಲೆ ನೋಡುತ್ತಲೇ, 'ಆರನೂರು ವರ್ಷಾನ? ಹಂಗಾರ ನಮ್ಮ ಕಡೀ ಫ್ಲೈಓವರ್ ಭಾಳ ಲಗೂನ ಆಗ್ತಾವು ಬಿಡಲೇ' ಅಂದ. ಗೋಪುರಕ್ಕೆ 533 ಮೆಟ್ಟಿಲು. ಸುರುಳಿ ಮೆಟ್ಟಿಲು ಇಕ್ಕಟ್ಟು, ಹತ್ತುವವರೂ ಇಳಿಯುವವರೂ ಅದರಲ್ಲೇ. ಅರ್ಧದಲ್ಲಿ ಗಂಟೆಗಳ ಕೋಣೆ ಸಿಗುತ್ತದೆ. ಅಲ್ಲಿ 24 ಟನ್ ತೂಕದ ದೊಡ್ಡ ಗಂಟೆ ಇದೆ. ಉಸಿರು ತಿರುಗಿಸಿಕೊಳ್ಳಲು ಅದೇ ಒಳ್ಳೆಯ ನೆಪ.

ನಿಯಮ ಮುರಿದು ದೂರ ಹೋದದ್ದು ರೈನ್ ಕಣಿವೆಗೆ. ಇಡೀ ಜರ್ಮನಿಯಲ್ಲಿ ಒಂದೇ ರೈಲು ಪ್ರಯಾಣ ಮಾಡುವುದಾದರೆ ಇದನ್ನೇ ಮಾಡಿ ಅನ್ನುತ್ತೇನೆ. ಬೆಳಗಿನ ಮೊದಲ ರೈಲಿಗೆ ಕಲೋನ್, ಅಲ್ಲಿಂದ ಕೋಬ್ಲೆಂಜ್. ಅಲ್ಲಿ ಮೊಸೆಲ್ ನದಿ ರೈನ್‌ಗೆ ಸೇರುವ ಮೂಲೆ ನೋಡಿ, ಮೈಂಜ್ ಕಡೆಗೆ ಹೋಗುವ ಆರ್‌ಬಿ 26 ಹತ್ತಬೇಕು. ಎಡಗಡೆ ಕಿಟಕಿ ಹಿಡಿಯಿರಿ. ಈ ಹಳಿ ನದಿಯ ಪಶ್ಚಿಮ ದಂಡೆಯಲ್ಲಿದೆ, ದಕ್ಷಿಣಕ್ಕೆ ಹೋಗುವಾಗ ನೀರು ಎಡಕ್ಕೆ ಬರುತ್ತದೆ. ಬಲಗಡೆ ಕೂತವರಿಗೆ ಬಂಡೆ ಮಾತ್ರ. ಕಡಿದಾದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ತಿರುವಿಗೊಂದು ಕೋಟೆ, ನೀರಿನಲ್ಲಿ ಮರಳು ಹೊತ್ತ ಉದ್ದುದ್ದ ದೋಣಿಗಳು. ಈ ಕಣಿವೆ 2002ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇಷ್ಟೊಂದು ಕೋಟೆ ಯಾಕೆ ಅನ್ನುವುದಕ್ಕೆ ಕೌಬ್ ಊರಿನ ಎದುರು ಉತ್ತರ ಸಿಗುತ್ತದೆ. ಅಲ್ಲಿ ನದಿಯ ನಡುವೆಯೇ ಒಂದು ಬಿಳಿ ಕೋಟೆ ನಿಂತಿದೆ, ಕಟ್ಟಿದ್ದು ದೋಣಿಗಳಿಂದ ಸುಂಕ ವಸೂಲಿ ಮಾಡಲು. ಟೋಲ್ ಗೇಟ್ ಅಂದುಕೊಳ್ಳಿ. ನಾನು ಸೇಂಟ್ ಗೋಆರ್‌ನಲ್ಲಿ ಇಳಿದು, ಫೆರಿಯಲ್ಲಿ ಆಚೆ ದಂಡೆಗೆ ದಾಟಿ, ಲೋರೆಲೈ ಬಂಡೆಯ ಕಡೆ ನಡೆದೆ. ವಾಪಸ್ ಬರುವಾಗ ರೈಲೊಂದು ರದ್ದಾಗಿ ಕೋಬ್ಲೆಂಜ್‌ನಲ್ಲಿ ಬಹಳ ಹೊತ್ತು ಕಾದೆ. ಇದು ಅಲ್ಲಿ ಹೊಸತೇನಲ್ಲ. ಜರ್ಮನ್ ರೈಲು ಗಡಿಯಾರದ ಹಾಗೆ ಓಡುತ್ತದೆ ಅಂತ ಊರಲ್ಲಿ ಹೇಳುವವರು ಒಮ್ಮೆ ಬಂದು ನೋಡಬೇಕು. ಕೊನೆಯ ರೈಲನ್ನು ನೆಚ್ಚಿಕೊಂಡು ನಾನು ಯಾವತ್ತೂ ಹೊರಡುತ್ತಿರಲಿಲ್ಲ. ಅದಕ್ಕಿಂತ ಒಂದು ಮುಂಚಿನದಕ್ಕೇ ಸ್ಟೇಷನ್‌ಗೆ ಬಂದುಬಿಡುತ್ತಿದ್ದೆ.

ಪ್ಯಾರಿಸ್‌ಗೂ ಹೋದೆ, ರಾತ್ರಿ ಬಸ್ಸಿನಲ್ಲೇ. ಅಲ್ಲಿ ಒಂದು ಕಾರ್ಡು ಬಹಳ ಉಪಯೋಗಕ್ಕೆ ಬಂತು. ಯುರೋಪಿಯನ್ ಒಕ್ಕೂಟದಲ್ಲಿ ವಾಸ ಮಾಡುವ 26 ವರ್ಷದೊಳಗಿನವರಿಗೆ ಲೂವ್ರ್, ಓರ್ಸೇ, ವರ್ಸೈ ಅರಮನೆ ಎಲ್ಲ ಪುಕ್ಕಟೆ. ಅಲ್ಲಿನ ಪ್ರಜೆಗಳೇ ಆಗಬೇಕಿಲ್ಲ. ನಮ್ಮ ಜರ್ಮನ್ ರೆಸಿಡೆನ್ಸ್ ಪರ್ಮಿಟ್ ತೋರಿಸಿದರೆ ಸಾಕು. ಲೂವ್ರ್‌ಗೆ ಸಮಯ ಮೊದಲೇ ಬುಕ್ ಮಾಡಿರಬೇಕು. ಭಾರತದಿಂದ ಬಂದ ಪ್ರವಾಸಿಗಳು ದುಡ್ಡು ಕೊಟ್ಟು ಒಳಗೆ ಹೋಗುವಾಗ, ಅದೇ ಪಾಸ್‌ಪೋರ್ಟ್ ಇಟ್ಟುಕೊಂಡು ಸುಮ್ನೆ ಒಳಗೆ ಹೋದದ್ದು ನನ್ನ ದೊಡ್ಡ ಉಳಿತಾಯ. ವಯಸ್ಸು 26 ಆಗುವ ಮೊದಲೇ ಹೋಗಿ ಬನ್ನಿ.

ಆ ಕಾರ್ಡಿನ ಜೊತೆ ಅಸಲು ಪಾಸ್‌ಪೋರ್ಟ್ ಯಾವಾಗಲೂ ಇರಲಿ, ವಾಲ್ಸ್‌ಗೆ ಈರುಳ್ಳಿ ತರಲು ಹೋದರೂ. ಷೆಂಗೆನ್ ಅಂದರೆ ಒಳಗಿನ ಗಡಿಗಳಲ್ಲಿ ತಪಾಸಣೆ ಬಿಟ್ಟುಕೊಟ್ಟ ಯುರೋಪ್ ದೇಶಗಳ ಕೂಟ. ಅದರೊಳಗೆ ಗಡಿ ಇಲ್ಲ ಅನ್ನುವುದು ನಿಜ. ಆದರೆ 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಬಸ್ ನಿಲ್ಲಿಸಿ ಪೊಲೀಸರು ಹತ್ತಿದಾಗ ಫೋನಿನಲ್ಲಿರುವ ಫೋಟೋ ಲೆಕ್ಕಕ್ಕಿಲ್ಲ. ಈ ಪರ್ಮಿಟ್‌ನಲ್ಲಿ ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಇರಬಹುದು. ವಾರಾಂತ್ಯ ಸುತ್ತುವವರಿಗೆ ಅಷ್ಟು ಧಾರಾಳವಾಯಿತು. ಇಂಗ್ಲೆಂಡ್, ಐರ್ಲೆಂಡ್ ಇದರಲ್ಲಿ ಸೇರಿಲ್ಲ. ಸ್ವಿಟ್ಜರ್ಲೆಂಡ್ ಸೇರಿದೆ, ಆದರೆ ಒಕ್ಕೂಟದ ಉಚಿತ ರೋಮಿಂಗ್ ಅಲ್ಲಿಗಿಲ್ಲ. ಗಡಿ ದಾಟುವ ಮೊದಲು ಡೇಟಾ ಆಫ್ ಮಾಡದಿದ್ದರೆ ಬಿಲ್ ನೋಡಿ ಕಣ್ಣಲ್ಲಿ ನೀರು ಬರುತ್ತದೆ.

ಊಟಕ್ಕೆ ಡಬ್ಬಿ. ಹಿಂದಿನ ರಾತ್ರಿಯೇ ಪುಳಿಯೋಗರೆ ಕಲಸಿಡುತ್ತಿದ್ದೆ. ಅಮ್ಮ ಕಳಿಸಿದ ಗೊಜ್ಜು ಫ್ರಿಜ್‌ನಲ್ಲಿ ಇರುತ್ತಿತ್ತು. ಚಳಿಯಲ್ಲಿ ಅದು ಗಟ್ಟಿಯಾಗುತ್ತದೆ, ಹಾಗಾಗಿ ಡಿಸೆಂಬರ್‌ನಲ್ಲಿ ಚಪಾತಿ ಪಲ್ಯವೇ ವಾಸಿ. ನೀರಿನ ಬಾಟಲ್ ಮನೆಯಿಂದಲೇ. ಅಂಗಡಿಯದು ಕೊಂಡರೆ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಡೆಪಾಸಿಟ್ ಹಿಡಿಯುತ್ತಾರೆ. ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ವಾಪಸ್ ಸಿಗುತ್ತದೆ, ಎಸೆಯಬೇಡಿ. ಶೌಚಾಲಯಕ್ಕೆ ಚಿಲ್ಲರೆ ಬೇಕೇ ಬೇಕು. ರೈಲಿನಲ್ಲಿ ಪುಕ್ಕಟೆ, ಇಳಿಯುವ ಮುಂಚೆ ಹೋಗಿಬಿಡಿ.

ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಆಗ ಆಖೆನ್ ಬಿಟ್ಟು ಹೋಗುತ್ತಿದ್ದದ್ದು ಕಮ್ಮಿ. ನಮ್ಮೂರಿಗೇ ಬೇರೆ ಊರಿನವರು ಬರುತ್ತಿದ್ದರು. ಶಾರ್ಲಮೇನ್ ದೊರೆಯನ್ನು 814ರಲ್ಲಿ ಹೂಳಿದ ಚರ್ಚ್ ಇಲ್ಲಿದೆ. 1978ರಲ್ಲಿ ಯುನೆಸ್ಕೊ ಮೊದಲ ಸಲ ಆರಿಸಿದ 12 ತಾಣಗಳಲ್ಲಿ ಅದೂ ಒಂದು. ಅವನ ಕಲ್ಲಿನ ಸಿಂಹಾಸನ ಗೈಡ್ ಜೊತೆ ಹೋದವರಿಗೆ ಮಾತ್ರ ಹತ್ತಿರದಿಂದ ಕಾಣುತ್ತದೆ. ಆ ಟಿಕೆಟ್‌ಗೆ ಕೊಡುವ ದುಡ್ಡು ದಂಡವಲ್ಲ. ಆಮೇಲೆ ಎಲೀಸೆನ್‌ಬ್ರುನೆನ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಕಂಬಗಳ ಮಂಟಪದಲ್ಲಿ ನಲ್ಲಿಯಿಂದ ಬಿಸಿ ಗಂಧಕದ ನೀರು ಸುರಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಬಂದವರೆಲ್ಲ ಮೂಗು ಮುಚ್ಚಿಕೊಂಡೇ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ಟ್ರಿಯರ್ ಮಾತ್ರ ಉಳಿದುಹೋಯಿತು. ರೋಮನ್ನರ ಕಾಲದ ಕಪ್ಪು ಹೆಬ್ಬಾಗಿಲು ಇರುವ ಊರು, ಕಾರ್ಲ್ ಮಾರ್ಕ್ಸ್ ಹುಟ್ಟಿದ್ದೂ ಅಲ್ಲೇ. ಕಲೋನ್‌ನಿಂದ ಐಫೆಲ್ ಗುಡ್ಡಗಳ ನಡುವೆ ಹೋಗುವ ಹಳಿ 2021ರ ಜುಲೈ ಪ್ರವಾಹದಲ್ಲಿ ಹಾಳಾಗಿತ್ತು. ನಾನಿದ್ದಾಗ ಪೂರ್ತಿ ಸರಿಹೋಗಿರಲಿಲ್ಲ. ಕೋಬ್ಲೆಂಜ್ ಮೇಲೆ ಸುತ್ತಿಕೊಂಡು ಹೋಗಬಹುದಿತ್ತು, ಆದರೆ ಹಾಗೆ ಹೋದರೆ ಅದೇ ದಿನ ವಾಪಸ್ ಬಂದು ಸೋಮವಾರದ ಲ್ಯಾಬಿಗೆ ಏಳುವುದು ಆಗದ ಮಾತು. ಈಗ ಆಖೆನ್‌ಗೆ ಹೊರಟಿರುವ ಜೂನಿಯರ್‌ಗಳಿಗೆ ನಾನು ಕೊಡುವ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದಿದ್ದೇನೆ.