ಚೆಕ್ ಎಂಜಿನ್ ದೀಪ, ಪಿ0135 ಮತ್ತು ಒಂದು ಇಂಡಿಕೇಟರ್ ಬಲ್ಬು

ಆಗಸ್ಟ್ ತಿಂಗಳು. ರಾತ್ರಿಯಿಡೀ ಮಳೆ ಸುರಿದಿತ್ತು. ಬೆಳಿಗ್ಗೆ ಬೆಂಗಳೂರಿನ ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಿತು. ಗಾಡಿಯ ಓಟದಲ್ಲಿ ಏನೂ ವ್ಯತ್ಯಾಸ ಇಲ್ಲ. ಪಿಕಪ್ ಇದೆ, ಶಬ್ದ ಇಲ್ಲ, ಹೊಗೆ ಇಲ್ಲ. ದೀಪ ಮಾತ್ರ ಆರಲಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ದೀಪದ ಬಣ್ಣ. ಕೆಂಪು ದೀಪ, ಅದರಲ್ಲೂ ಆಯಿಲ್ ಡಬ್ಬಿಯ ಚಿತ್ರ ಬಂದರೆ ಗಾಡಿ ಪಕ್ಕಕ್ಕೆ ಹಾಕಿ ಅಲ್ಲೇ ಎಂಜಿನ್ ಆಫ್ ಮಾಡಬೇಕು. ಮನೆ ಅರ್ಧ ಕಿಲೋಮೀಟರ್ ಇದ್ದರೂ ಅಷ್ಟೇ. ಹಳದಿ ಎಂಜಿನ್ ದೀಪ ಮಿಣುಕುತ್ತಿದ್ದರೆ ಅದೂ ಅವಸರದ್ದೇ. ಯಾವುದೋ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ ಅಂತ ಅರ್ಥ. ನನ್ನದು ಮಿಣುಕದೆ ಒಂದೇ ಸಮ ಉರಿಯುತ್ತಿತ್ತು. ಹಾಗಾಗಿ ಆಫೀಸಿಗೆ ಹೋಗಿ, ಸಂಜೆ ಮನೆ ಹತ್ತಿರದ ಗ್ಯಾರೇಜಿಗೆ ಹೋದೆ.

ಹುಡುಗ ಸ್ಕ್ಯಾನರ್ ಚುಚ್ಚಿ ಎರಡು ನಿಮಿಷದಲ್ಲಿ ಹೇಳಿದ. "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್. ಹೊಸದು ಹಾಕಿದ್ರೆ ಏಳು ಸಾವಿರದ ಹತ್ರ ಆಗುತ್ತೆ."

"ಸೆನ್ಸರೇ ಹೋಗಿದೆ ಅಂತ ಹೇಗೆ ಗೊತ್ತಾಯ್ತಪ್ಪ?"

"ಕೋಡ್ ತೋರಿಸ್ತಿದೆಯಲ್ಲ ಸಾರ್."

ಸದ್ಯಕ್ಕೆ ಅಳಿಸಿಬಿಡು ಅಂದೆ. ಮೂರನೇ ದಿನ ದೀಪ ಮತ್ತೆ ಬಂತು.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಮನೆಯ ಗಾಡಿಗಳ ಸಣ್ಣಪುಟ್ಟ ಕೆಲಸ ಹದಿನೈದು ವರ್ಷದಿಂದ ನಾನೇ ಮಾಡಿಕೊಳ್ಳುತ್ತಿದ್ದೇನೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ, ಎಂಜಿನ್ ಕಂಪ್ಯೂಟರಿನ ದೋಷದ ಕೋಡ್ ಓದುವ ಒಂದು ಚಿಕ್ಕ ಒಬಿಡಿ ಅಡಾಪ್ಟರ್ ಇಟ್ಟುಕೊಂಡಿದ್ದೇನೆ. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಮೇಲ್ಭಾಗದಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿದರೆ ಆಯಿತು. ಕೆಲಸ ಮುಗಿದ ಮೇಲೆ ತೆಗೆದಿಡಿ. ಅಲ್ಲೇ ಬಿಟ್ಟರೆ ಬ್ಯಾಟರಿ ಸ್ವಲ್ಪಸ್ವಲ್ಪವೇ ಇಳಿಯುತ್ತದೆ.

ಬಂದ ಕೋಡ್ ಪಿ0135. ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ವಿಷಯ. ಸೊನ್ನೆ ಅಂದರೆ ಎಲ್ಲ ಕಂಪನಿಯ ಗಾಡಿಗೂ ಒಂದೇ ಅರ್ಥ ಇರುವ ಕೋಡ್. 1 ಅಂದರೆ ಗಾಳಿ-ಇಂಧನದ ಅಳತೆ. ಕೊನೆಯ 35ಕ್ಕೆ ಇಲ್ಲಿ ಅರ್ಥ ಮೊದಲನೇ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕಿಟ್. ಈ 'ಸರ್ಕಿಟ್' ಅನ್ನುವ ಮಾತನ್ನು ಬಹಳ ಜನ ಓದಿ ಮುಂದೆ ಹೋಗಿಬಿಡುತ್ತಾರೆ. ಸರ್ಕಿಟ್ ಅಂದರೆ ಫ್ಯೂಸ್, ವೈರು, ಕಪ್ಲರ್ (ವೈರು ಜೋಡಿಸುವ ಪ್ಲಗ್), ಸೆನ್ಸರ್ ಒಳಗಿನ ಹೀಟರ್, ಕಂಪ್ಯೂಟರಿನ ತುದಿ ಎಲ್ಲವೂ. ದಾರಿಯಲ್ಲಿ ಎಲ್ಲೋ ತಕರಾರಿದೆ ಎಂದಷ್ಟೇ ಕಂಪ್ಯೂಟರ್ ಹೇಳುತ್ತಿದೆ. ಎಲ್ಲಿ ಅಂತ ಹುಡುಕಬೇಕಾದ್ದು ನಾವು.

ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ, ಪೆಟ್ರೋಲ್ ಹೆಚ್ಚೋ ಕಡಿಮೆಯೋ ಅಂತ ಕಂಪ್ಯೂಟರಿಗೆ ತಿಳಿಸುತ್ತದೆ. ಅದಕ್ಕೆ ಹೀಟರ್ ಯಾಕೆ ಬೇಕು? ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ಆಗದೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೈಲೆನ್ಸರ್ ಹೊಗೆಯಿಂದಲೇ ಬಿಸಿಯಾಗಲು ಬಿಟ್ಟರೆ ತಡವಾಗುತ್ತದೆ. ಅಲ್ಲಿವರೆಗೆ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತಿರುತ್ತದೆ. ದಿನಾ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸುವ ನಮ್ಮಂಥವರಿಗೆ ಇದು ಮೈಲೇಜಿನಲ್ಲಿ ಕಾಣುತ್ತದೆ. ಆದ್ದರಿಂದ ಗಾಡಿ ಚೆನ್ನಾಗೇ ಓಡುತ್ತಿದೆ ಅಂತ ದೀಪವನ್ನು ಹಾಗೇ ಬಿಡುವುದು ನನಗೆ ಸರಿ ಕಾಣಲಿಲ್ಲ.

ಭಾನುವಾರ ಎಂಜಿನ್ ತಣ್ಣಗಿದ್ದಾಗ ಶುರು ಮಾಡಿದೆ. ಮೊದಲು ಫ್ಯೂಸ್. ಚೆನ್ನಾಗಿತ್ತು. ನನ್ನ ಕಾರಿನ ವೈರಿಂಗ್ ನಕ್ಷೆಯ ಪ್ರಕಾರ ಕ್ಯಾಟಲಿಟಿಕ್ ಕನ್ವರ್ಟರಿನ ಮುಂದಿನ (ಮೊದಲನೇ) ಮತ್ತು ಹಿಂದಿನ ಎರಡೂ ಸೆನ್ಸರುಗಳ ಹೀಟರಿಗೆ ಒಂದೇ ಫ್ಯೂಸ್. ಅದು ಹೋಗಿದ್ದರೆ ಹಿಂದಿನದರ ಕೋಡ್ ಪಿ0141 ಕೂಡ ಜೊತೆಗೆ ಬರಬೇಕಿತ್ತು.

ಆಮೇಲೆ ಸೆನ್ಸರಿನ ಕಪ್ಲರ್ ಬಿಚ್ಚಿದೆ. ನಾಲ್ಕು ವೈರು. ಒಂದೇ ಬಣ್ಣದ ಎರಡು ವೈರು ಹೀಟರಿನವು. ಸೆನ್ಸರ್ ಕಡೆಯ ಆ ಎರಡು ಪಿನ್ನುಗಳ ಮಧ್ಯೆ ಮಲ್ಟಿಮೀಟರ್ ಇಟ್ಟರೆ 6 ಓಮ್ ತೋರಿಸಿತು. ಹೀಟರಿನ ಎಳೆ ತುಂಡಾಗಿದ್ದರೆ ಏನೂ ತೋರಿಸುತ್ತಿರಲಿಲ್ಲ. ಅಂದರೆ ಗ್ಯಾರೇಜಿನಲ್ಲಿ ಬದಲಾಯಿಸಲು ಹೇಳಿದ ಸೆನ್ಸರ್ ಚೆನ್ನಾಗೇ ಇದೆ!

ಇನ್ನು ಗಾಡಿ ಕಡೆಯ ಕಪ್ಲರ್. ಕೀ ಆನ್ ಮಾಡಿ, ಹೀಟರಿಗೆ ಕರೆಂಟ್ ತರುವ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ಮೀಟರ್ ಹಿಡಿದೆ. 12.3 ವೋಲ್ಟ್. ಅದೂ ಸರಿ. ಇಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಹೀಟರ್ ಸರಿ, ಕರೆಂಟ್ ಬರುತ್ತಿದೆ, ಆದರೂ ಕೋಡ್. ಉಳಿದಿದ್ದು ಕಂಪ್ಯೂಟರ್. ಅದರ ಬೆಲೆ ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಶನಿವಾರ ಜೆ.ಸಿ. ರಸ್ತೆಗೆ ಹೋದೆ. ಕಾರಿನ ಸಾಮಾನಿಗೆ ಬೆಂಗಳೂರಿನಲ್ಲಿ ಮೊದಲು ನೆನಪಾಗುವ ಬೀದಿ ಅದು. ಒಂದು ಗಲ್ಲಿಯಲ್ಲಿ ವಯಸ್ಸಾದ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಡೈನಮೊ ಬಿಚ್ಚಿ ಕೂತಿದ್ದರು. ನಿಂತುಕೊಂಡೇ ಕಥೆಯೆಲ್ಲ ಹೇಳಿದೆ. ಅವರು ತಲೆ ಎತ್ತದೆ ಕೇಳಿದರು.

"ಲೋಡ್ ಹಾಕಿ ನೋಡಿದ್ರಾ?"

"ಇಲ್ಲ ಅಣ್ಣ, ಮೀಟರಲ್ಲಿ ನೋಡಿದೆ. ಹನ್ನೆರಡು ಬರ್ತಿದೆ."

"ಮೀಟರ್ ಎಷ್ಟು ಕರೆಂಟ್ ಎಳೆಯುತ್ತೆ ಸಾರ್? ಏನೂ ಇಲ್ಲ. ಕೂದಲಷ್ಟು ತಾಗಿದ್ರೂ ಹನ್ನೆರಡು ತೋರಿಸುತ್ತೆ. ಬಲ್ಬ್ ಹಚ್ಚಿ ನೋಡಿ."

ಅಲ್ಲೇ ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸುಗೆ ಹಾಕಿ ಕೈಗೆ ಕೊಟ್ಟರು. 12 ವೋಲ್ಟ್, 21 ವ್ಯಾಟ್. ದುಡ್ಡು ಬೇಡ ಅಂದರು. ನಾನೇ ಒತ್ತಾಯ ಮಾಡಿ ಕೊಟ್ಟೆ.

ದಾರಿಯುದ್ದಕ್ಕೂ ಅದೇ ಲೆಕ್ಕ ತಲೆಯಲ್ಲಿತ್ತು. 6 ಓಮ್ ಹೀಟರಿಗೆ 12 ವೋಲ್ಟ್ ಕೊಟ್ಟರೆ ಅದು 2 ಆಂಪಿಯರ್ ಎಳೆಯುತ್ತದೆ. 21 ವ್ಯಾಟಿನ ಬಲ್ಬು ಹತ್ತಿರಹತ್ತಿರ ಅಷ್ಟೇ ಎಳೆಯುತ್ತದೆ, 1.75 ಆಂಪಿಯರ್. ಹೀಟರ್ ಮಾಡುವ ಕೆಲಸವನ್ನೇ ಬಲ್ಬಿನ ಕೈಲಿ ಮಾಡಿಸಿ ನೋಡುವುದು. ಎಷ್ಟು ಸರಳ, ಅಲ್ವಾ? ಮೀಟರ್ ಕೈಯಲ್ಲಿದ್ದ ನನಗೆ ಇದು ಹೊಳೆದಿರಲಿಲ್ಲ.

ಮನೆಗೆ ಬಂದು ಬಲ್ಬಿನ ಒಂದು ತುದಿಯನ್ನು ಕಪ್ಲರ್ ಪಿನ್ನಿಗೆ, ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೆ ಹಿಡಿದೆ. ಕೀ ಆನ್ ಮಾಡಲು ಮಗಳಿಗೆ ಹೇಳಿದೆ. ಬಲ್ಬಿನೊಳಗಿನ ಎಳೆ ಊದುಬತ್ತಿಯ ಕೆಂಡದಷ್ಟು ಕೆಂಪಾಗಿ ಅಲ್ಲೇ ನಿಂತಿತು. ಬೆಳಕೇ ಇಲ್ಲ. ಬಲ್ಬ್ ಇದ್ದ ಹಾಗೇ ಮೀಟರ್ ಹಿಡಿದರೆ 3 ವೋಲ್ಟಿಗೂ ಕಡಿಮೆ. ಅದೇ ತುದಿಯನ್ನು ನೇರ ಬ್ಯಾಟರಿ ಪಾಸಿಟಿವ್‌ಗೆ ಹಿಡಿದರೆ ಕಣ್ಣು ಕುಕ್ಕುವ ಹಾಗೆ ಉರಿಯಿತು.

ಫ್ಯೂಸಿನಿಂದ ಕಪ್ಲರ್‌ವರೆಗಿನ ವೈರಿನಲ್ಲೇ ದೋಷ. ಪಿ0141 ಬಂದಿಲ್ಲವಾದ್ದರಿಂದ, ಹಿಂದಿನ ಸೆನ್ಸರಿಗೆ ಕವಲು ಹೋಗುವ ಜಾಗ ದಾಟಿದ ಮೇಲೆ. ಅಂದರೆ ಹುಡುಕಬೇಕಾದ್ದು ಎರಡು ಅಡಿಯೊಳಗೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್ ಫಿಲ್ಟರ್ ಡಬ್ಬ ಎತ್ತಿಟ್ಟೆ. ಅದರ ಹಿಂದೆ ವೈರುಗಳ ಮೇಲಿನ ಕಪ್ಪು ಸುರುಳಿ ಪೈಪು ಒಂದು ಕಡೆ ಗರಗಸದಲ್ಲಿ ಎಳೆದಂತೆ ಹರಿದಿತ್ತು. ಪಕ್ಕದಲ್ಲೇ ಒಣಗಿದ ಕೊಬ್ಬರಿ ಚೂರು, ಅರ್ಧ ತಿಂದ ಹೊಂಗೆ ಬೀಜ, ಕಪ್ಪು ಹಿಕ್ಕೆ.

ಇಲಿ.

ಬೇಸಿಗೆ ರಜೆಯಲ್ಲಿ ಒಂಬತ್ತು ದಿನ ಊರಿಗೆ ಹೋಗಿದ್ದೆವು. ಗಾಡಿ ಮನೆ ಮುಂದಿನ ಹೊಂಗೆ ಮರದ ಕೆಳಗೆ, ಮೋರಿಯ ಪಕ್ಕದಲ್ಲೇ ನಿಂತಿತ್ತು. ಆಗ ಕಚ್ಚಿರಬೇಕು. ವೈರು ಆ ದಿನ ಪೂರ್ತಿ ತುಂಡಾಗಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ಹೋಗಿ ತಾಮ್ರ ಬಯಲಾಗಿತ್ತು ಅಷ್ಟೇ. ಜೂನ್, ಜುಲೈ ಮಳೆಯ ನೀರು ಅಲ್ಲಿ ಸೇರಿ ತಾಮ್ರದ ಎಳೆಗಳು ಒಂದೊಂದಾಗಿ ಹಸಿರು ಪುಡಿಯಾಗಿದ್ದವು. ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಆ ಪುಡಿಯ ಮೂಲಕವೇ ನನ್ನ ಮೀಟರಿಗೆ 12.3 ವೋಲ್ಟ್ ಬರುತ್ತಿತ್ತು. ಮೇ ತಿಂಗಳ ಕಚ್ಚುವಿಕೆಗೆ ಆಗಸ್ಟಿನಲ್ಲಿ ದೀಪ ಹತ್ತಿದ್ದು ಹೀಗೆ.

ಇಲಿ ಓಡಾಡಿದ ಜಾಗಕ್ಕೆ ಬರಿಗೈ ಹಾಕಬೇಡಿ. ಅದರ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಅದು ಸಣ್ಣ ಕಾಯಿಲೆ ಅಲ್ಲ. ಕೈಗವಸು ಹಾಕಿ, ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸದೆ, ಬ್ಲೀಚಿಂಗ್ ನೀರಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ತೆಗೆದೆ. ಉದುರುತ್ತಿದ್ದ ತಾಮ್ರ ಮುಟ್ಟಿದ್ದೂ ಗವಸಿನ ಬೆರಳಲ್ಲೇ.

ರಿಪೇರಿ ಅರ್ಧ ಗಂಟೆಯದ್ದು. ಹಸಿರು ಕಂಡಷ್ಟೂ ಕತ್ತರಿಸಿದೆ. ಒಳಗೆ ಹೊಳೆಯುವ ತಾಮ್ರ ಸಿಗುವವರೆಗೆ, ಸುಮಾರು ನಾಲ್ಕು ಇಂಚು. ಅಷ್ಟೇ ದಪ್ಪದ ಹೊಸ ವೈರು ಸೇರಿಸಿ, ಎರಡೂ ಕಡೆ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಜೋಡಿಸಿ), ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲ ಅಳತೆಯ ಸ್ಲೀವೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸ್ಲೀವನ್ನು ವೈರು ಜೋಡಿಸುವ ಮೊದಲೇ ಒಳಗೆ ತೂರಿಸಿಡಬೇಕು. ಬರೀ ಇನ್ಸುಲೇಷನ್ ಟೇಪ್ ಸುತ್ತಿ ಬಿಡಬೇಡಿ. ಎಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ನೀರು ಮತ್ತೆ ಒಳಗೆ ಹೋಗುತ್ತದೆ. ಹಾಗೇ, ಕರೆಂಟ್ ನೋಡಲು ಒಳ್ಳೆಯ ವೈರಿಗೆ ಗುಂಡುಪಿನ್ನು ಚುಚ್ಚುವ ಅಭ್ಯಾಸವೂ ಬೇಡ. ಆ ತೂತಿನಿಂದಲೂ ಇದೇ ಕಥೆ ಶುರುವಾಗುತ್ತದೆ. ಇನ್ನೊಂದು ಮಾತು: ನಾನು ಜೋಡಿಸಿದ್ದು ಗಾಡಿ ಕಡೆಯ ವೈರನ್ನು. ಸೆನ್ಸರಿನಿಂದಲೇ ಹೊರಡುವ ವೈರುಗಳಿಗೆ ಬೆಸುಗೆ ಹಾಕಬಾರದು. ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ಆ ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆಯ ಸೀಸ ಒಳಗೆ ಇಳಿದರೆ ಆ ದಾರಿ ಮುಚ್ಚುತ್ತದೆ.

ಬಲ್ಬ್ ಮತ್ತೆ ಹಿಡಿದೆ. ಈ ಸಲ ಪೂರ್ತಿ ಬೆಳಕು. ಕಪ್ಲರ್ ಹಾಕಿ, ಕೋಡ್ ಬರೆದಿಟ್ಟುಕೊಂಡು ಅಳಿಸಿದೆ. ಅಳಿಸಿದ ತಕ್ಷಣ ದೀಪ ಆರುವುದಕ್ಕೆ ಅರ್ಥ ಇಲ್ಲ. ಇಂಥ ಎಷ್ಟೋ ಕೋಡುಗಳು ಎರಡು ಓಟದಲ್ಲಿ ತಪ್ಪು ಕಂಡ ಮೇಲೆಯೇ ದೀಪ ಹಚ್ಚುತ್ತವೆ. ಗ್ಯಾರೇಜಿನಲ್ಲಿ ಅಳಿಸಿದ್ದು ಮೂರನೇ ದಿನ ವಾಪಸ್ ಬಂದಿತ್ತಲ್ಲ. ಅದಕ್ಕೇ ಮರುದಿನ ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಮೊಬೈಲಿನಲ್ಲಿ ಸೆನ್ಸರಿನ ವೋಲ್ಟ್ ನೋಡುತ್ತಾ ಕೂತೆ. ಮುಂಚೆ ಮೂರ್ನಾಲ್ಕು ನಿಮಿಷ ಸುಮ್ನೆ ಮಲಗಿರುತ್ತಿದ್ದ ಗೆರೆ, ಒಂದು ನಿಮಿಷದೊಳಗೆ 0.1ರಿಂದ 0.9ರ ನಡುವೆ ಮೇಲೆ ಕೆಳಗೆ ಕುಣಿಯಲು ಶುರು ಮಾಡಿತು. ಆ ಕುಣಿತ ನೋಡಿ ಆದ ಸಂತೋಷ ಈಗಲೂ ನೆನಪಿದೆ. ಹದಿನೈದು ದಿನ ಕಾದೆ. ದೀಪ ಬರಲಿಲ್ಲ.

ಇಲಿಗೆ ಹೊಗೆಸೊಪ್ಪು ಕಟ್ಟಿ ಅಂದರು, ನುಸಿಗುಳಿಗೆ ಇಡಿ ಅಂದರು. ಎರಡೂ ಮಾಡಿದೆ. ವಾಸನೆ ಇರುವಷ್ಟು ದಿನ ಸರಿ, ಆಮೇಲೆ ಮತ್ತೆ ಹಿಕ್ಕೆ. ಈಗ ಗಾಡಿಯನ್ನು ಮೋರಿಯಿಂದ ದೂರ ನಿಲ್ಲಿಸುತ್ತೇನೆ, ಊರಿಗೆ ಹೋದರೆ ಎರಡು ದಿನಕ್ಕೊಮ್ಮೆ ಬಾನೆಟ್ ತೆಗೆದು ನೋಡಲು ತಮ್ಮನಿಗೆ ಹೇಳುತ್ತೇನೆ. ನನಗೆ ಫಲ ಕೊಟ್ಟಿದ್ದು ಇದು.

ದೀಪಾವಳಿ ಹೊತ್ತಿಗೆ ಎದುರು ಮನೆ ಆಂಟಿಯ ಕಾರಿಗೂ ಇದೇ ದೀಪ ಬಂತು. ಅಡಾಪ್ಟರ್ ಹಾಕಿದರೆ ಅದೇ ಪಿ0135. "ನಿಮ್ಮದರ ಹಾಗೇ ಇಲಿ ಕಚ್ಚಿರಬೇಕು ಅಲ್ವೇನಪ್ಪಾ?" ಅಂದರು. "ಬಲ್ಬ್ ಹಿಡಿದು ನೋಡೋಣ ಆಂಟಿ" ಅಂದೆ. ಹಿಡಿದರೆ ಬಲ್ಬು ಝಗ್ ಅಂತ ಹತ್ತಿತು. ವೈರು ಗಟ್ಟಿ. ಸೆನ್ಸರ್ ಕಡೆ ಮೀಟರ್ ಇಟ್ಟರೆ ಓಮ್ ತೋರಿಸಲೇ ಇಲ್ಲ. ಹೀಟರಿನ ಎಳೆ ಒಳಗೇ ತುಂಡಾಗಿತ್ತು. ಮರುದಿನ ಜೆ.ಸಿ. ರಸ್ತೆಯಿಂದ ಹೊಸ ಸೆನ್ಸರ್ ತಂದು, 22ರ ಸ್ಪ್ಯಾನರ್ ಹಾಕಿ ನಾವಿಬ್ಬರೇ ಬದಲಾಯಿಸಿದೆವು.