ಹತ್ತು ಲಕ್ಷದೊಳಗೊಂದು ಸ್ಪೋರ್ಟ್ಸ್ ಕಾರು: ಕೊಳ್ಳುವುದು ಹೇಗೆ, ಸಾಕುವುದು ಹೇಗೆ

ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಎರಡು ಬಾಗಿಲು, ನೆಲಕ್ಕೆ ಅಂಟಿದಂಥ ಮೈ ಕಣ್ಣ ಮುಂದೆ ಬರುತ್ತದೆ. ನಮ್ಮಲ್ಲಿ ಅಂಥದ್ದು ಅಗ್ಗಕ್ಕೆ ಸಿಗುವುದು ಕಷ್ಟ. ಸಿಕ್ಕರೂ ನಮ್ಮ ಹಂಪ್‌ಗಳು ಅದನ್ನು ನೆಮ್ಮದಿಯಾಗಿ ಬದುಕಲು ಬಿಡುವುದಿಲ್ಲ. ಹಿಂದೆ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕಾರು ತಯಾರಾಗುತ್ತಿತ್ತು, ಈಗ ಅದನ್ನು ನೋಡಿದವರೇ ಕಡಿಮೆ. ಹಾಗಾಗಿ ನಮ್ಮ ಪಾಲಿನ ಅಗ್ಗದ ಸ್ಪೋರ್ಟ್ಸ್ ಕಾರು ಅಂದರೆ ನೋಡಲು ಮಾಮೂಲಿ, ಬೋನೆಟ್ ಕೆಳಗೆ ಟರ್ಬೊ (ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ) ಪೆಟ್ರೋಲ್ ಎಂಜಿನ್ ಇರುವ ಸೆಕೆಂಡ್ ಹ್ಯಾಂಡ್ ಕಾರು. ಮನೆಯವರಿಗೆ ಫ್ಯಾಮಿಲಿ ಕಾರು ಎಂದು ಹೇಳಿ ಒಪ್ಪಿಸಬಹುದು, ಅದೂ ಒಂದು ಲಾಭ.

ಮೊದಲು, ಯಾವ ಕಾರು?

ನನ್ನ ಲೆಕ್ಕದಲ್ಲಿ ಇಬ್ಬರೇ ಗಟ್ಟಿ ಸ್ಪರ್ಧಿಗಳು. ಒಂದು, 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್) ಶಕ್ತಿ, 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್. 2020ರಲ್ಲಿ ಅದೇ ಹೆಸರಿಗೆ 1.0 ಲೀಟರಿನ 110 ಪಿಎಸ್ ಎಂಜಿನ್ ಮತ್ತು 6 ಗೇರಿನ ಮಾಮೂಲಿ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬಂತು. ಎರಡನೆಯದು, 2015ರಲ್ಲಿ ಬಂದ ಅಬಾರ್ತ್ ಪುಂಟೊ. 1.4 ಲೀಟರ್ ಟಿ-ಜೆಟ್ ಎಂಜಿನ್, 145 ಪಿಎಸ್, 5 ಗೇರಿನ ಮ್ಯಾನುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಬಂದಾಗ ಶೋರೂಂ ಬೆಲೆಯೇ 9.95 ಲಕ್ಷ ಇತ್ತು. ಅಷ್ಟು ದುಡ್ಡಿಗೆ ಅಷ್ಟು ಶಕ್ತಿ ಆಗ ಬೇರೆ ಯಾರೂ ಕೊಡುತ್ತಿರಲಿಲ್ಲ.

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಬಗ್ಗೆ ಕೇಳುತ್ತೀರಿ, ಗೊತ್ತು. 2017ರಲ್ಲಿ 230 ಪಿಎಸ್‌ನೊಂದಿಗೆ ಬಂತು, 2020ರಲ್ಲಿ 245 ಪಿಎಸ್‌ನ 200 ಕಾರು ಮಾತ್ರ ತಂದರು. ಅದ್ಭುತ ಕಾರು. ಆದರೆ ಅದು ಈ ಬಜೆಟ್ಟಿಗೆ ಸೇರುವುದಿಲ್ಲ, ಬಿಟ್ಟುಬಿಡಿ.

ದಿನಾ ಆಫೀಸಿಗೂ ಇದರಲ್ಲೇ ಹೋಗಬೇಕು ಅಂದರೆ 2020ರ ನಂತರದ ಪೋಲೊ ತಗೊಳ್ಳಿ. ಟ್ರಾಫಿಕ್ಕಿನಲ್ಲಿ ತಲೆನೋವು ಕಡಿಮೆ. ವಾರಾಂತ್ಯಕ್ಕೆ ಮಾತ್ರ ಬೇಕು, ಕ್ಲಚ್ಚು ಗೇರು ಕೈಕಾಲಿಗೆ ಸಿಗಬೇಕು ಅನ್ನುವವರಿಗೆ ಅಬಾರ್ತ್. ಹಳೆಯ ಡಿಎಸ್‌ಜಿ ಪೋಲೊ ಓಡಿಸಲು ಇವೆರಡರ ನಡುವೆ ನಿಲ್ಲುತ್ತದೆ, ಆದರೆ ಖರ್ಚಿನ ಭಯ ಮೂರರಲ್ಲಿ ಅದಕ್ಕೇ ಜಾಸ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದುಡ್ಡನ್ನು ಎರಡು ಭಾಗ ಮಾಡಿ

ಕೈಯಲ್ಲಿ ಎಂಟು ಲಕ್ಷ ಇದ್ದರೆ ಎಂಟು ಲಕ್ಷದ ಕಾರು ನೋಡಬೇಡಿ. ಆರು, ಆರೂವರೆಯದ್ದು ನೋಡಿ. ಉಳಿದದ್ದು ಕಾರಿನದ್ದೇ ದುಡ್ಡು, ಆದರೆ ಮಾರುವವನಿಗಲ್ಲ, ಗ್ಯಾರೇಜಿಗೆ. ಟೈರ್, ಸಸ್ಪೆನ್ಷನ್ ಬುಷ್, ಬ್ರೇಕು, ಟೈಮಿಂಗ್ ಬೆಲ್ಟು, ಇನ್ಶೂರೆನ್ಸು ಎಲ್ಲ ಮೊದಲ ವರ್ಷವೇ ಸಾಲುಗಟ್ಟಿ ಬರುತ್ತವೆ. ಇಡೀ ದುಡ್ಡು ಸುರಿದು ಕಾರು ತಂದವರು ಸರ್ವಿಸ್ ಮುಂದೂಡುತ್ತಾರೆ, ಟರ್ಬೊ ಎಂಜಿನ್ನಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಮಾರಾಟಕ್ಕೆ ಬರುವ ಹಾಳಾದ ಕಾರುಗಳಲ್ಲಿ ಬಹಳಷ್ಟು ಹೀಗೇ ಹಾಳಾದವು.

ಕಾರು ನೋಡುವ ಮುಂಚೆ ಕಾಗದ ನೋಡಿ

ಕಾರು ನೋಡಿದ ಮೇಲೆ ಬುದ್ಧಿ ಕೈಕೊಡುತ್ತದೆ, ಅದಕ್ಕೇ ಈ ಕ್ರಮ. ಆರ್‌ಸಿ ಫೋಟೊ ತರಿಸಿಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ, ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಚಾಲ್ತಿ ಇದೆಯಾ, ಸಾಲ ಬಾಕಿ ಇದೆಯಾ ನೋಡಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕೇ ಬೇಕು. ಬಾಕಿ ದಂಡವನ್ನೂ ನೋಡಿ. ಇಂಥ ಕಾರುಗಳ ಮೇಲೆ ಅತಿವೇಗದ ನೋಟಿಸು ಇಲ್ಲದೇ ಇದ್ದರೆ ನನಗೆ ಆಶ್ಚರ್ಯ!

ಬೇರೆ ರಾಜ್ಯದ ಕಾರು ಅಗ್ಗ ಅನ್ನಿಸುತ್ತದೆ. ದೆಹಲಿ ಕಡೆಯ ಕಾರಂತೂ ಇನ್ನೂ ಅಗ್ಗ. ಲೆಕ್ಕ ಹಾಕಿ ಮುಂದುವರಿಯಿರಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ಅದಕ್ಕೆ ಆ ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28 ಬೇಕು. ಜೊತೆಗೆ ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿನ ಕಡಿತ ಕಳೆದು. ನಮ್ಮ ರಾಜ್ಯದಲ್ಲಿ ಹೊಸ ಕಾರಿನ ತೆರಿಗೆಯೇ ದೇಶದ ದುಬಾರಿ ತೆರಿಗೆಗಳಲ್ಲಿ ಒಂದು. ಹಳೆ ರಾಜ್ಯದಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಬಹುದು, ಆದರೆ ಅದಕ್ಕೆ ಓಡಾಡುವ ತಾಳ್ಮೆ ನಿಮಗಿರಬೇಕು. ಅಗ್ಗ ಅನ್ನಿಸಿದ ಒಂದು ಲಕ್ಷ ಇಲ್ಲೇ ಕರಗಿಹೋಗುತ್ತದೆ. ಕೆಎ ನಂಬರಿನ ಕಾರಿಗೆ ಸ್ವಲ್ಪ ಜಾಸ್ತಿ ಕೊಡುವುದೇ ವಾಸಿ.

ಕಾರು ನೋಡುವ ದಿನ

ಬೆಳಗ್ಗೆ ಹೋಗಿ. ಮಾರುವವರಿಗೆ ಮುಂಚೆಯೇ ಹೇಳಿಡಿ, "ಸರ್, ನಾನು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ." ಹೋದ ತಕ್ಷಣ ಬೋನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡಬಹುದು. ತಣ್ಣಗಿನ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಸ್ಟಾರ್ಟ್ ಆದ ಕೂಡಲೇ ಎಂಜಿನ್ನೊಳಗಿನ ಚೈನ್ ಸದ್ದು ಬಂದು ನಿಲ್ಲದೇ ಮುಂದುವರಿದರೆ, ನೀಲಿ ಹೊಗೆ ಬಂದರೆ, ಐಡಲ್‌ನಲ್ಲಿ ನಡುಗಿದರೆ ಗುರುತು ಹಾಕಿಕೊಳ್ಳಿ. ಟಿಎಸ್‌ಐ ಎಂಜಿನ್ನುಗಳಲ್ಲಿ ಇಗ್ನಿಷನ್ ಕಾಯಿಲ್ ಹೋಗುವುದು ಮಾಮೂಲಿ, ಅದು ಸಣ್ಣ ಖರ್ಚು. ಎಂಜಿನ್ ತಂಪಾಗಿಡುವ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ ಸಣ್ಣದಲ್ಲ. ಡಬ್ಬಿಯಲ್ಲಿರುವ ನೀರು ಗುಲಾಬಿ ಬಣ್ಣಕ್ಕೆ ಇರಬೇಕು. ತಿಳಿಯಾಗಿದ್ದರೆ ಯಾರೋ ನಲ್ಲಿ ನೀರು ಸುರಿದು ಕಾಲ ತಳ್ಳಿದ್ದಾರೆ ಅಂತ ಅರ್ಥ.

ಇನ್ನು ಡಿಎಸ್‌ಜಿ. ಹಳೆ ಪೋಲೊದಲ್ಲಿರುವುದು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚಿನ ಗೇರ್‌ಬಾಕ್ಸ್. ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕಿನಲ್ಲಿ ಆ ಕ್ಲಚ್ಚು ಬಿಸಿಯಾಗಿ ಸವೆಯುತ್ತದೆ. ಅದನ್ನು ನಡೆಸುವ ಮೆಕಟ್ರಾನಿಕ್ ಎಂಬ ಎಲೆಕ್ಟ್ರಾನಿಕ್-ಹೈಡ್ರಾಲಿಕ್ ಪೆಟ್ಟಿಗೆಯೂ ಕೈಕೊಡುವುದುಂಟು, ಅದು ಹೋದರೆ ಬಿಲ್ ಲಕ್ಷದ ಮಾತು. 2013ರಲ್ಲಿ ಕಂಪನಿ ಪ್ರಪಂಚದಾದ್ಯಂತ ಇದೇ ಗೇರ್‌ಬಾಕ್ಸಿನ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿ ಆಯಿಲ್ ಬದಲಿಸಿತ್ತು. ಪರೀಕ್ಷೆ ಹೀಗೆ: ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಆಮೇಲೆ ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಬಿಟ್ಟು ತೆವಳಲು ಬಿಡಿ. ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ಅದುರುತ್ತದೆಯೇ? ಫ್ಲೈಓವರ್ ಏರಿನಲ್ಲಿ ನಿಲ್ಲಿಸಿ ಹೊರಡಿ, ಹಾಗೆಯೇ ರಿವರ್ಸ್‌ನಲ್ಲಿ ಏರಿಸಿ. ಅದುರಿದರೆ, ಅಥವಾ ಮೀಟರಿನಲ್ಲಿ ಗೇರಿನ ಅಕ್ಷರ ಮಿಣುಕಿದರೆ, ಬೆಲೆ ಇಳಿಸುವ ಮಾತೇ ಬೇಡ. ಬೇರೆ ಕಾರು ನೋಡಿ.

ಅಬಾರ್ತ್‌ನಲ್ಲಿ ಇಂಥ ಗುಮ್ಮ ಇಲ್ಲ. ಅಲ್ಲಿ ಕೇಳಬೇಕಾದದ್ದು ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ. ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲ ಅಂತಲೇ ತಿಳಿದು, ಕೊಂಡ ವಾರವೇ ಬೆಲ್ಟು, ವಾಟರ್ ಪಂಪು ಎರಡೂ ಬದಲಿಸಿ. ಇನ್ನೊಂದು ತೊಂದರೆ ಬಿಡಿಭಾಗ. ಫಿಯಟ್ ಕಾರು ಮಾರುವುದನ್ನು ಇಲ್ಲಿ ನಿಲ್ಲಿಸಿ ವರ್ಷಗಳಾದವು. ಎಂಜಿನ್ನಿನ ಭಾಗಗಳಿಗೆ ಲೀನಿಯಾ ಟಿ-ಜೆಟ್ ನೆಂಟ ಇದೆ, ಬಾಡಿ ಭಾಗಕ್ಕೆ ಮಾಮೂಲಿ ಪುಂಟೊ ಇದೆ, ಅಬಾರ್ತ್‌ಗೇ ಮೀಸಲಾದ ಭಾಗಕ್ಕೆ ಮಾತ್ರ ಕಾಯಬೇಕು. ಅಲಾಯ್ ಚಕ್ರ, ಬಂಪರ್, ಸೀಟು ಚೆನ್ನಾಗಿರುವ ಕಾರನ್ನೇ ಆರಿಸಿ. ಎಂಜಿನ್ ರಿಪೇರಿ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದರೆ ಹೇಗೋ ಆಗುತ್ತದೆ, ಆ ಬಂಪರ್ ಸಿಗುವುದಿಲ್ಲ.

ಕೊನೆಗೆ, ಇನ್ನೂರೈವತ್ತೋ ಐನೂರೋ ಉಳಿಸಲು ಹೋಗದೆ ಗೊತ್ತಿರುವ ಮೆಕ್ಯಾನಿಕ್‌ನಿಂದ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಮೀಟರ್ ತಿರುಗಿಸಿದ್ದರೂ ಒಳಗಿನ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ಎಷ್ಟೋ ಸಲ ಹಳೆ ಕಿಲೋಮೀಟರ್ ಉಳಿದಿರುತ್ತದೆ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ, 2319 ಅಂದರೆ 2019ರ 23ನೇ ವಾರ. ಐದಾರು ವರ್ಷ ದಾಟಿದ ಟೈರಿನಲ್ಲಿ ಗೆರೆ ಎಷ್ಟೇ ಆಳ ಇದ್ದರೂ ಅದಕ್ಕೆ ಬೆಲೆ ಕಟ್ಟಬೇಡಿ.

ಹೆಸರಿಗೆ ಮಾಡಿಸಿಕೊಳ್ಳಿ

ಮಾಲೀಕರ ಹೆಸರು ಬದಲಿಸುವ ಫಾರಂ 29, 30 ಸಹಿ ಮಾಡಿಸಿಕೊಂಡು ಡ್ರಾಯರಿನಲ್ಲಿ ಇಟ್ಟರೆ ಆಗಲಿಲ್ಲ. ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಥರ್ಡ್ ಪಾರ್ಟಿ ರಕ್ಷಣೆ ಕಾರಿನ ಜೊತೆಗೆ ಬರುತ್ತದೆ, ಆದರೆ ನಿಮ್ಮ ಕಾರಿಗೇ ಪೆಟ್ಟಾದರೆ ಹಳೆ ಹೆಸರಿನ ಪಾಲಿಸಿ ಇಟ್ಟುಕೊಂಡು ಕ್ಲೇಮ್ ಕೇಳುವುದು ಕಷ್ಟ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಅವರದ್ದೇ, ನಿಮಗೆ ಬರುವುದಿಲ್ಲ. ಪ್ರೀಮಿಯಂ ಏರುವುದು ಅದಕ್ಕೇ, ಏಜೆಂಟರ ಮೇಲೆ ರೇಗಬೇಡಿ. ಎಂಜಿನ್ ಪ್ರೊಟೆಕ್ಷನ್ ಸಿಕ್ಕರೆ ಹಾಕಿಸಿ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿಗೆ ತಗ್ಗಿನ ಕಾರು ಇಳಿಸಿದರೆ ಎಂಜಿನ್ ನೀರು ಕುಡಿಯುತ್ತದೆ, ಮಾಮೂಲಿ ಪಾಲಿಸಿ ಅದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಮನೆಗೆ ಬಂದ ಮೇಲೆ

ಹಳೆಯವರು ಏನೇ ಹೇಳಲಿ, ಎಂಜಿನ್ ಆಯಿಲ್, ಎಲ್ಲ ಫಿಲ್ಟರು, ಸ್ಪಾರ್ಕ್ ಪ್ಲಗ್, ಬ್ರೇಕ್ ಆಯಿಲ್, ಕೂಲೆಂಟ್ ಒಮ್ಮೆ ಬದಲಿಸಿ. ಅಲ್ಲಿಂದ ನಿಮ್ಮ ಲೆಕ್ಕ ಶುರು. ಪೋಲೊಗೆ ಕಂಪನಿ ಪುಸ್ತಕದಲ್ಲಿ ಆಯಿಲ್ ಬದಲಾವಣೆ 15,000 ಕಿ.ಮೀ.ಗೆ ಅಥವಾ ವರ್ಷಕ್ಕೆ ಅಂತ ಇದೆ. ನಾನಾದರೆ ಅದರ ಅರ್ಧಕ್ಕೇ ಮಾಡಿಸುತ್ತೇನೆ. ಟರ್ಬೊದ ಬೇರಿಂಗ್ ಬದುಕುವುದು ಆ ಎಣ್ಣೆಯ ಮೇಲೆ. ಆಯಿಲ್ ಡಬ್ಬಿಯ ಮೇಲೆ ಬರೀ ದಪ್ಪ ಅಕ್ಷರದ 5ಡಬ್ಲ್ಯೂ-40 (ಎಣ್ಣೆ ಎಷ್ಟು ಮಂದ ಎಂಬ ಗುರುತು) ನೋಡಿದರೆ ಸಾಲದು, ಹಿಂದೆ ಸಣ್ಣ ಅಕ್ಷರದಲ್ಲಿ ನಿಮ್ಮ ಕಾರಿನ ಮ್ಯಾನುಯಲ್ ಹೇಳುವ ಗುಣಮಟ್ಟದ ನಂಬರ್ ಇದೆಯಾ ನೋಡಿ.

ಓಡಿಸುವುದರಲ್ಲೂ ಕೆಲವು ಅಭ್ಯಾಸ ಬೇಕು. ಕೂಲೆಂಟ್ ಬಿಸಿ ತೋರಿಸಿದ ಮೇಲೂ ಆಯಿಲ್ ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು, ಮೊದಲ ಹತ್ತು ನಿಮಿಷ ಸುಮ್ನೆ ಮೆಲ್ಲಗೆ ಹೋಗಿ. ಘಾಟಿ ಹತ್ತಿಸಿ ನಿಲ್ಲಿಸುವಾಗ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಡಿಎಸ್‌ಜಿ ಇದ್ದರೆ ಮುಂದಿನ ಬಂಪರ್ ಹಿಂದೆ ಅಂಗುಲ ಅಂಗುಲ ತೆವಳಬೇಡಿ, ಒಂದು ಕಾರಿನಷ್ಟು ಜಾಗ ಬಿಟ್ಟುಕೊಂಡು ಒಮ್ಮೆಗೇ ಮುಂದೆ ಹೋಗಿ. ಮಧ್ಯೆ ಆಟೊ ನುಗ್ಗುತ್ತದೆ, ನುಗ್ಗಲಿ ಬಿಡಿ. ನಿಂತಾಗ ಬ್ರೇಕ್ ಪೂರ್ತಿ ಒತ್ತಿ, ಅರ್ಧ ಒತ್ತಿದರೆ ಕ್ಲಚ್ಚು ಉಜ್ಜುತ್ತಲೇ ಇರುತ್ತದೆ. ಏರಿನಲ್ಲಿ ಆಕ್ಸಿಲರೇಟರ್‌ನಿಂದ ಕಾರು ಹಿಡಿದು ನಿಲ್ಲಿಸುವುದಂತೂ ಬೇಡವೇ ಬೇಡ.

ಅಬಾರ್ತ್ ಮಾಮೂಲಿ ಪುಂಟೊಗಿಂತ ತಗ್ಗು, ನೆಲದಿಂದ 155 ಮಿ.ಮೀ. ಎತ್ತರ ಅಷ್ಟೇ. ನಾಲ್ಕು ಜನ ಕೂತರೆ ಕೆಲವು ಹಂಪಿಗೆ ಹೊಟ್ಟೆ ತಾಗುತ್ತದೆ. ಓರೆಯಾಗಿ ಹತ್ತಿಸಿ ಇಳಿಸುವುದನ್ನು ಬೇಗ ಕಲಿಯಿರಿ.

ಮಾಡಿಫಿಕೇಷನ್ ಹುಚ್ಚು

ಒಂದು ಲ್ಯಾಪ್‌ಟಾಪ್ ಹಚ್ಚಿ ಶಕ್ತಿ ಹೆಚ್ಚಿಸಿಕೊಡುತ್ತೇವೆ ಅನ್ನುವ ಅಂಗಡಿ ಬೇಕಾದಷ್ಟಿವೆ. ಹಳೆ ಒಣ ಕ್ಲಚ್ಚಿನ ಗೇರ್‌ಬಾಕ್ಸಿಗೆ ಇದು ಒಳ್ಳೆಯದಲ್ಲ. ಕಾನೂನಿನ ಕಡೆಯಿಂದ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಿವಿ ಕೀಳುವ ಸೈಲೆನ್ಸರಿಗೆ ಪೊಲೀಸರು ನಿಲ್ಲಿಸುತ್ತಾರೆ, ಹೇಳದೆ ಮಾಡಿಸಿದ ಬದಲಾವಣೆ ಹಿಡಿದು ಇನ್ಶೂರೆನ್ಸಿನವರು ಕ್ಲೇಮ್ ತಳ್ಳಿಹಾಕಬಹುದು. ಆ ದುಡ್ಡಿಗೆ ಒಳ್ಳೆ ಟೈರು, ಒಳ್ಳೆ ಬ್ರೇಕ್ ಪ್ಯಾಡು ಹಾಕಿಸಿ. ತಿರುವಿನಲ್ಲಿ ವ್ಯತ್ಯಾಸ ಅಲ್ಲೇ ಗೊತ್ತಾಗುವುದು.

ಸರಿ, ಓಡಿಸುವುದೆಲ್ಲಿ?

ಬೆಂಗಳೂರು-ಮೈಸೂರು ಹೆದ್ದಾರಿ ಅಂತ ಹೇಳಬೇಡಿ. ಅಲ್ಲಿ ಮಿತಿ 100 ಕಿ.ಮೀ., ಕ್ಯಾಮೆರಾ ಸಾಲು ಸಾಲು. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್. ನೇರ ರಸ್ತೆಯ ವೇಗದಲ್ಲಿ ಈ ಕಾರುಗಳ ರುಚಿಯೂ ಇಲ್ಲ. ಎರಡನೇ, ಮೂರನೇ ಗೇರಿನಲ್ಲಿ ಎಳೆಯುವ ಪಿಕಪ್, ತಿರುವಿನಲ್ಲಿ ಸ್ಟೀರಿಂಗ್ ಕೈಗೆ ಕೊಡುವ ಸುದ್ದಿ, ಇದಕ್ಕೆ 60-70ರ ವೇಗ ಸಾಕು. ಬೆಳಗಿನ ಹೊತ್ತು ಚಿಕ್ಕಮಗಳೂರು ಸುತ್ತಿನ ಕಾಫಿ ತೋಟದ ರಸ್ತೆ ಅಥವಾ ಚಾರ್ಮಾಡಿ ಘಾಟಿ ಹಿಡಿಯಿರಿ, ಮಂಜು ಮತ್ತು ಕೆಎಸ್‌ಆರ್‌ಟಿಸಿ ಬಸ್ಸು ಎರಡಕ್ಕೂ ಮರ್ಯಾದೆ ಕೊಟ್ಟು. ಪೂರ್ತಿ ಕಾಲು ಒತ್ತಲೇಬೇಕು ಅನ್ನಿಸಿದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇವೆ. ಅಲ್ಲಿ ಟ್ರ್ಯಾಕ್ ಡೇ ನಡೆದಾಗ ದುಡ್ಡು ಕಟ್ಟಿ ಹೆಲ್ಮೆಟ್ ಹಾಕಿ ಓಡಿಸಬಹುದು. ಹೋಗುವ ಮುಂಚೆ ಬ್ರೇಕ್ ಆಯಿಲ್ ಹೊಸದು ಹಾಕಿಸಿ, ಮನೆಗೆ ವಾಪಸ್ ಬರಲೂ ಅದೇ ಬ್ರೇಕು ಬೇಕಲ್ವಾ.