ಒಂದೇ ಚಿತ್ರದ ಮುಂದೆ ಹತ್ತು ನಿಮಿಷ

ಬೆಂಗಳೂರಿನ ಕುಮಾರ ಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ನಾನು ಮೊದಲ ಸಲ ಹೋದದ್ದು ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ಮಗಳ ಚಿತ್ರಗಳು ಅಲ್ಲಿ ಪ್ರದರ್ಶನಕ್ಕಿದ್ದವು ಎಂಬ ಒಂದೇ ಕಾರಣಕ್ಕೆ. ಗೋಡೆಯ ಮೇಲಿದ್ದ ನಲವತ್ತು ಚಿತ್ರಗಳನ್ನು ಕಾಲು ಗಂಟೆಯಲ್ಲಿ ನೋಡಿ ಮುಗಿಸಿ ಬಾಗಿಲ ಬಳಿ ಬಂದಾಗ ಆ ಹುಡುಗಿ, "ಆಂಟಿ, ನಿಮಗೆ ಯಾವುದು ಇಷ್ಟವಾಯಿತು?" ಎಂದು ಕೇಳಿದಳು. "ಎಲ್ಲವೂ ಚೆನ್ನಾಗಿವೆಯಮ್ಮ" ಎಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಯೋಚಿಸಿದರೆ ಒಂದು ಚಿತ್ರವೂ ಕಣ್ಣಿಗೆ ಕಟ್ಟಲಿಲ್ಲ. ಎರಡು ವರ್ಷ ಕುಳಿತು ಮಾಡಿದ ಕೆಲಸವನ್ನು ನೋಡಲು ಕರೆದಿದ್ದವಳಿಗೆ ನಾನು ಸುಳ್ಳು ಹೇಳಿ ಬಂದಂತಾಯಿತು ಎಂಬ ಬೇಸರ ಆ ವಾರವೆಲ್ಲ ಉಳಿದುಕೊಂಡಿತು. ಪ್ರದರ್ಶನ ಮುಗಿಯುವ ಮುನ್ನ ರಜೆ ಹಾಕಿ ಮತ್ತೆ ಹೋದೆ, ಒಂದೇ ಚಿತ್ರದ ಮುಂದೆ ನಿಂತೆ. ಅದು ಹಿತ್ತಲಿನ ಬಾವಿಕಟ್ಟೆಯ ಚಿತ್ರ. ಐದು ನಿಮಿಷ ಕಳೆದ ಮೇಲೆ, ಕಟ್ಟೆಯ ನೆರಳಿಗೆ ಅವಳು ಕಪ್ಪನ್ನು ಬಳಸಿಯೇ ಇಲ್ಲ, ಅದೆಲ್ಲವೂ ನೀಲಿ ಮತ್ತು ನೇರಳೆ ಎಂಬುದು ಕಂಡಿತು. ಅಂದಿನಿಂದ ಇಂದಿನವರೆಗಿನ ಹದಿನೆಂಟು ವರ್ಷಗಳಲ್ಲಿ ನಾನು ನೋಡುವ ಕ್ರಮ ಹೆಚ್ಚು ಬದಲಾಗಿಲ್ಲವಾದ್ದರಿಂದ, ಹೊಸದಾಗಿ ಪ್ರದರ್ಶನಗಳಿಗೆ ಹೋಗಲು ಆಸೆಪಡುವವರಿಗೆ ನೆರವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದ್ಘಾಟನೆಯ ಸಂಜೆ ನಾನು ಹೋಗುವುದಿಲ್ಲ. ಅಂದು ಭಾಷಣ, ಹಾರ, ಜನಸಂದಣಿ ಇರುತ್ತವೆ, ಕಲಾವಿದರಿಗೂ ಯಾರೊಡನೆಯೂ ನಾಲ್ಕು ಮಾತು ಆಡಲು ಬಿಡುವಿರುವುದಿಲ್ಲ. ವಾರದ ನಡುವಿನ ಯಾವುದಾದರೂ ದಿನ, ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಹೋದರೆ ಇಡೀ ಕೋಣೆ ನಮ್ಮದೇ ಆಗಿರುತ್ತದೆ. ಮೊದಲ ಸುತ್ತಿನಲ್ಲಿ ಚಿತ್ರದ ಪಕ್ಕದ ಚೀಟಿಗಳನ್ನು ಓದದೆ ಎಲ್ಲವನ್ನೂ ಒಮ್ಮೆ ನೋಡುತ್ತೇನೆ. ಕಾಲು ತಾನಾಗಿ ನಿಂತ ಎರಡು ಚಿತ್ರಗಳನ್ನು ನೆನಪಿಟ್ಟುಕೊಂಡು, ಎರಡನೆಯ ಸುತ್ತಿನಲ್ಲಿ ಒಂದೊಂದರ ಮುಂದೆಯೂ ಹತ್ತು ನಿಮಿಷ ಇರುತ್ತೇನೆ. ಕೈಯಲ್ಲಿರುವ ಸಣ್ಣ ನೋಟುಪುಸ್ತಕದಲ್ಲಿ ಅಭಿಪ್ರಾಯವನ್ನು ಬರೆಯದೆ ಕಂಡದ್ದನ್ನಷ್ಟೇ ಬರೆಯುತ್ತೇನೆ: ಬೆಳಕು ಎಡಗಡೆಯಿಂದ, ಹೆಂಗಸಿನ ಬಲಗೈಗೆ ಬೆರಳುಗಳಿಲ್ಲ, ಕೆಳಗಿನ ಮೂಲೆಯಲ್ಲಿ ಕಾಗದ ಬಿಳಿಯಾಗಿಯೇ ಉಳಿದಿದೆ, ಇಂಥವು. ಆಮೇಲೆ ಚೀಟಿ ಓದುತ್ತೇನೆ. ಕಲಾವಿದರು ಅಲ್ಲಿದ್ದರೆ ಒಂದೇ ಪ್ರಶ್ನೆ ಕೇಳುತ್ತೇನೆ: "ಇದನ್ನು ಎಲ್ಲಿಂದ ಶುರು ಮಾಡಿದಿರಿ?" ಇದರ ಅರ್ಥವೇನು ಎಂದು ಕೇಳಿದರೆ ಸಂಕೋಚಪಡುವವರೂ ಈ ಪ್ರಶ್ನೆಗೆ ಮನಸ್ಸು ಬಿಚ್ಚಿ ಉತ್ತರಿಸುತ್ತಾರೆ, ಏಕೆಂದರೆ ಇದು ಅವರ ಕೈ ಮಾಡಿದ ಕೆಲಸದ ಕುರಿತು ಕೇಳಿದ್ದು.

1960ರಲ್ಲಿ ಆರಂಭವಾದ ಪರಿಷತ್ತಿಗೆ ತಾತ್ಕಾಲಿಕ ಪ್ರದರ್ಶನಗಳಿಗಾಗಿ ಬರುವವರಲ್ಲಿ ಹೆಚ್ಚಿನವರು ಅಲ್ಲಿಯ ಶಾಶ್ವತ ಸಂಗ್ರಹವನ್ನು ನೋಡದೆ ಹೊರಟುಬಿಡುವುದು ನನಗೆ ಇಂದಿಗೂ ನೋವಿನ ಸಂಗತಿ. ಸಂಸ್ಥೆಯನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ನಮ್ಮ ತೊಗಲು ಗೊಂಬೆಗಳಿಗಾಗಿ ದುಡಿದವರು. ಆ ಗೊಂಬೆಗಳನ್ನು ಅಲ್ಲಿ ಹತ್ತಿರದಿಂದ ನೋಡಿದರೆ ಚರ್ಮವನ್ನು ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿರುವುದು, ಒಡವೆ ಮತ್ತು ಸೀರೆಯ ಅಂಚಿನ ಜಾಗಗಳಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದಿರುವುದು ಕಾಣುತ್ತದೆ. ಬಹಳ ದಿನಗಳ ನಂತರ ಒಂದು ಹಳ್ಳಿಯ ಜಾತ್ರೆಯಲ್ಲಿ ಆಟವನ್ನು ನೋಡಿದಾಗ, ಪರದೆಯ ಹಿಂದಿನ ದೀಪದ ಬೆಳಕು ಅದೇ ರಂಧ್ರಗಳಿಂದ ತೂರಿಬಂದು ಸೀತೆಯ ಒಡವೆಗಳು ಮಿನುಗಿದವು. ಗಾಜಿನ ಹಿಂದೆ ನಾನು ಲೆಕ್ಕ ಹಾಕಿದ್ದ ರಂಧ್ರಗಳ ಕೆಲಸವೇನೆಂಬುದು ಅಂದು ರಾತ್ರಿ ತಿಳಿಯಿತು. ಅಂದಿನಿಂದ ಸಂಗ್ರಹಾಲಯದಲ್ಲಿ ಕಂಡ ವಸ್ತು ತನ್ನ ಊರಿನಲ್ಲಿ ಬಳಕೆಯಲ್ಲಿರುವುದನ್ನು ಸಾಧ್ಯವಾದರೆ ಹೋಗಿ ನೋಡುವುದನ್ನು ರೂಢಿ ಮಾಡಿಕೊಂಡೆ.

ಚಿತ್ರಸಂತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರ ಕೃಪಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿ, ದೇಶದ ನಾನಾ ಕಡೆಗಳಿಂದ ಬಂದ ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಎರಡೂ ಬದಿಗಳಲ್ಲಿ ತಮ್ಮ ಕೃತಿಗಳನ್ನು ತಾವೇ ಇಟ್ಟು ಮಾರುವ ಈ ಸಂತೆ, 2023ರ ಜನವರಿ 8ರಂದು ಇಪ್ಪತ್ತನೆಯದನ್ನು ಮುಗಿಸಿತು. ಮೊದಲ ವರ್ಷ ಮಧ್ಯಾಹ್ನ ಹೋಗಿ ಜನರ ಬೆನ್ನುಗಳನ್ನಷ್ಟೇ ನೋಡಿ ಬಂದೆ. ಈಗ ಬೆಳಿಗ್ಗೆ ಎಂಟಕ್ಕೆ ಶಿವಾನಂದ ವೃತ್ತದ ಕಡೆಯಿಂದ ಹೊರಟು, ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಎಂದು ನೋಡಿ, ಹನ್ನೊಂದರ ಹೊತ್ತಿಗೆ ಮುಗಿಸುತ್ತೇನೆ. ಖರ್ಚು ಮಾಡಬೇಕಾದ ಹಣವನ್ನು ಮನೆಯಲ್ಲೇ ಎಣಿಸಿ ಬೇರೆ ಪರ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ, ಸುರುಳಿ ಸುತ್ತಿದ ಕಾಗದ ಮಡಿಕೆಯಾಗದಂತೆ ಒಂದು ರಟ್ಟಿನ ಕೊಳವೆಯನ್ನು ಹೆಗಲಿಗೆ ಹಾಕಿಕೊಂಡೇ ಹೋಗುತ್ತೇನೆ.

ಮೈಸೂರು ಶೈಲಿಯ ಚಿತ್ರವನ್ನು ಗುರುತಿಸಲು ಕಲಿತದ್ದು ಆ ರಸ್ತೆಯ ಮೇಲೆಯೇ. ಪಕ್ಕಪಕ್ಕದಲ್ಲೇ ಮೈಸೂರಿನದೂ ತಂಜಾವೂರಿನದೂ ಇದ್ದ ಒಂದು ಮಳಿಗೆಯ ಮುಂದೆ ನಿಂತಿದ್ದಾಗ, ಅಲ್ಲಿದ್ದ ಹಿರಿಯರು ಚಿತ್ರವನ್ನು ಸ್ವಲ್ಪ ಓರೆಯಾಗಿ ಹಿಡಿದು ತೋರಿಸಿದರು. ಮೈಸೂರಿನದರಲ್ಲಿ ಒಡವೆ ಮತ್ತು ಪ್ರಭಾವಳಿಯ ಕೆಳಗೆ ಹಚ್ಚುವ ಮಕ್ಕಿ ಸಫೇದ ಎಂಬ ಲೇಪದ ಉಬ್ಬು ಬೆರಳಿಗೆ ಮಾತ್ರ ತಿಳಿಯುವಷ್ಟು ತೆಳುವಾಗಿರುತ್ತದೆ, ಅದರ ಮೇಲೆ ಚಿನ್ನದ ರೇಕು ಕೂರುತ್ತದೆ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಹರಳುಗಳೂ ಇರುತ್ತವೆ. ಇನ್ನೊಬ್ಬ ಹುಡುಗ ತನ್ನ ಅಚ್ಚುಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದ 7/20 ಎಂಬ ಸಂಖ್ಯೆಯನ್ನು ವಿವರಿಸಿದ. ಲೋಹದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆದು, ಆ ಗೆರೆಗಳನ್ನು ಆಮ್ಲ ಕೊರೆದ ಮೇಲೆ ಶಾಯಿ ತುಂಬಿ, ಒದ್ದೆ ಕಾಗದವನ್ನಿಟ್ಟು ಯಂತ್ರದಲ್ಲಿ ಒತ್ತಿ ತೆಗೆದ ಇಪ್ಪತ್ತು ಪ್ರತಿಗಳಲ್ಲಿ ಅದು ಏಳನೆಯದು. ಕಾಗದದ ಮೇಲೆ ತಗಡಿನ ಅಂಚು ಒತ್ತಿಕೊಂಡ ಗುರುತನ್ನು ಮುಟ್ಟಿ ನೋಡಲು ಹೇಳಿದ. ನನ್ನ ಮನೆಯ ಗೋಡೆಗೆ ಬಂದ ಮೊದಲ ಕಲಾಕೃತಿ ಅದೇ. ಕಂಪ್ಯೂಟರಿನಿಂದ ಕ್ಯಾನ್ವಾಸಿನ ಮೇಲೆ ಮುದ್ರಿಸಿದ ಚಿತ್ರಗಳೂ ಸಂತೆಯಲ್ಲಿ ಕಾಣಸಿಗುತ್ತವೆ. ಅವುಗಳನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಮೇಲ್ಮೈಯನ್ನು ಓರೆಯಾಗಿ ನೋಡಿ, ಕೈಯಿಂದ ಬರೆದದ್ದೇ ಎಂದು ಕೇಳಿ, ಆಮೇಲೆ ಬೆಲೆ ಮಾತಾಡುವುದು ಒಳ್ಳೆಯದು.

ಮೈಸೂರಿಗೆ ಹೋದಾಗಲೆಲ್ಲ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗುತ್ತೇನೆ. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಯಾವಾಗಲೂ ಗುಂಪಿರುತ್ತದೆ, ಅದು ರವಿವರ್ಮನ ತೈಲಚಿತ್ರ ಎಂದು ಯಾರಾದರೂ ಒಬ್ಬರು ಮಕ್ಕಳಿಗೆ ಹೇಳುತ್ತಿರುತ್ತಾರೆ. ಅದನ್ನು ಬರೆದವರು ಎಸ್. ಎಲ್. ಹಲ್ದಣಕರ್, ಅದು ಜಲವರ್ಣ, ರೂಪದರ್ಶಿಯಾಗಿ ನಿಂತದ್ದು ಅವರ ಮಗಳು. ಜಲವರ್ಣದಲ್ಲಿ ಬೆರಳ ಸಂದಿನ ಕೆಂಪನ್ನು ಹಾಗೆ ತರುವುದು ಎಷ್ಟು ಕಷ್ಟವೆಂದು ತಿಳಿದ ಮೇಲೆ ಆ ಚಿತ್ರ ನನಗೆ ಇನ್ನಷ್ಟು ಹತ್ತಿರವಾಯಿತು. ಜಲವರ್ಣದ ಮೇಲಿನ ನನ್ನ ಪ್ರೀತಿಗೆ ಮೂಲ ಕೆ. ವೆಂಕಟಪ್ಪನವರು. ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರಲ್ಲಿ ಕಲಿತು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ ಅವರ ಊಟಿಯ ಚಿತ್ರಗಳನ್ನು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ನೋಡಿದ ದಿನ, ಮಂಜನ್ನು ಬಣ್ಣದಿಂದ ಹೇಗೆ ಬರೆಯಬಹುದು ಎಂಬ ಪ್ರಶ್ನೆಯೇ ನನ್ನ ನೋಟುಪುಸ್ತಕದ ಒಂದು ಪುಟವನ್ನು ತುಂಬಿತ್ತು.

ಚಿತ್ರಶಾಲೆಗಳ ಹೊರಗೆ ನಾನು ನೋಡಿದ ಅತ್ಯಂತ ಸುಂದರವಾದ ಪ್ರದರ್ಶನ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ, ಭೂಮಿ ಹುಣ್ಣಿಮೆಯ ದಿನ. ದೀವರ ಸಮುದಾಯದ ಒಂದು ಮನೆಯ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಿದ್ದರು. ಕಪ್ಪಿಗೆ ಹುರಿದು ಸೀಯಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಮನೆಯ ಹಿರಿಯಮ್ಮನವರು ಸ್ಕೇಲಿಲ್ಲದೆ, ಅಳತೆಯಿಲ್ಲದೆ ಬುಟ್ಟಿಯ ಸುತ್ತಲೂ ಎಳೆದ ಗೆರೆ ಹೊರಟ ಜಾಗಕ್ಕೇ ಬಂದು ಕೂಡಿಕೊಂಡಿತು. "ಇದನ್ನು ಯಾರಿಂದ ಕಲಿತಿರಿ ಅಮ್ಮ?" ಎಂದು ಕೇಳಿದೆ. "ಕಲಿಯೂದೆಂತದು, ಅತ್ತೆ ಬರೀತಿದ್ರು, ನಾ ನೋಡ್ತಿದ್ದೆ" ಎಂದರು. ರಾತ್ರಿಯೆಲ್ಲ ಎಚ್ಚರವಿದ್ದು ಸೊಪ್ಪು ತರಕಾರಿಗಳ ಅಡುಗೆ ಮಾಡಿ, ನಸುಕಿನಲ್ಲಿ ಆ ಬುಟ್ಟಿಯಲ್ಲಿ ಎಡೆ ತುಂಬಿಕೊಂಡು ಗದ್ದೆಗೆ ಹೊರಟರು. ತೆನೆ ಹೊರುತ್ತಿರುವ ಪೈರನ್ನು ಬಸುರಿಯೆಂದು ಭಾವಿಸಿ ಪೂಜಿಸುವ ಹಬ್ಬ ಅದು. ಇಬ್ಬನಿ ಬಿದ್ದ ಬದುವಿನ ಮೇಲೆ, ಹಸಿರು ಪೈರಿನ ನಡುವೆ ಇಳಿಸಿದಾಗ ಕೆಂಪು ಬುಟ್ಟಿಯ ಬಿಳಿ ಗೆರೆಗಳು ಎಷ್ಟು ಸ್ಪಷ್ಟವಾಗಿ ಕಂಡವೆಂದರೆ, ಆ ಬಣ್ಣಗಳನ್ನು ಈ ಬೆಳಕಿಗಾಗಿಯೇ ಆರಿಸಿಕೊಂಡಿದ್ದಾರೆ ಎಂದು ನನಗೆ ಅನ್ನಿಸಿತು.

ಅಲ್ಲಿಂದ ಬಂದ ಮೇಲೆ ನಮ್ಮ ಬಡಾವಣೆಯಲ್ಲೂ ಏನಾದರೂ ಮಾಡಬೇಕೆಂಬ ಆಸೆ ಹುಟ್ಟಿತು. ನವರಾತ್ರಿಯಲ್ಲಿ ಮನೆಮನೆಯಲ್ಲೂ ಗೊಂಬೆ ಕೂರಿಸುತ್ತಾರೆ, ಆದರೆ ಅರಿಶಿನ ಕುಂಕುಮ ತೆಗೆದುಕೊಂಡು ಹೊರಡುವ ಅವಸರದಲ್ಲಿ ಒಂದೊಂದು ಗೊಂಬೆಯನ್ನು ಯಾರೂ ನಿಂತು ನೋಡುವುದಿಲ್ಲ. ಹಬ್ಬ ಮುಗಿದ ಮರುವಾರದ ಭಾನುವಾರ, ಮನೆಗೊಂದು ಗೊಂಬೆಯನ್ನು ಮಾತ್ರ ತಂದಿಡುವ ಪ್ರದರ್ಶನವೊಂದನ್ನು ಮಾಡೋಣವೆಂದು ನೆರೆಹೊರೆಯ ನಾಲ್ವರೊಂದಿಗೆ ಮಾತಾಡಿದೆ. ಮೂವತ್ತೊಂದು ಮನೆಯವರು ಒಪ್ಪಿದರು. ಸಭಾಂಗಣದ ಕೀಲಿ ಹೇಳಿದ ಹೊತ್ತಿಗಿಂತ ಒಂದೂವರೆ ಗಂಟೆ ತಡವಾಗಿ ಬಂದದ್ದರಿಂದ ಜೋಡಣೆಯನ್ನು ಓಡೋಡಿ ಮಾಡಬೇಕಾಯಿತು. ಮೇಜುಗಳ ಮೇಲೆ ಜರಿ ಅಂಚಿಲ್ಲದ ಬರೀ ಬಿಳಿ ಪಂಚೆಗಳನ್ನು ಹಾಸಿದೆವು. ಗೊಂಬೆ ಗೊಂಬೆಗೆ ಎರಡು ಗೇಣು ಜಾಗ ಬಿಟ್ಟೆವು. ಬಲ್ಬಿನ ಬೆಳಕು ಅರಗಿನ ಬಣ್ಣದ ಗೊಂಬೆಗಳ ಮೇಲೆ ಕಣ್ಣು ಕುಕ್ಕುತ್ತಿದ್ದುದರಿಂದ ಅದಕ್ಕೆ ಬೆಣ್ಣೆ ಕಾಗದವನ್ನು ಸುತ್ತಿದೆವು.

ಹೆಚ್ಚು ಶ್ರಮ ಬೇಡಿದ್ದು ಚೀಟಿಗಳು. ಪ್ರತಿ ಮನೆಗೂ ಹೋಗಿ, ಗೊಂಬೆ ಯಾವುದರಿಂದ ಆದದ್ದು, ಯಾರು ಕೊಟ್ಟದ್ದು, ಅದರ ಬಗ್ಗೆ ನೆನಪಿರುವ ಒಂದು ಸಂಗತಿ ಯಾವುದು ಎಂದು ಕೇಳಿ, ಅವರ ಮಾತಿನಲ್ಲೇ ಐದು ಸಾಲು ಮೀರದಂತೆ ದಪ್ಪ ಅಕ್ಷರಗಳಲ್ಲಿ ಬರೆದೆ. ತಾಯಿ ಮದುವೆಯಲ್ಲಿ ಮಗಳಿಗೆ ಕೊಟ್ಟ ರಕ್ತಚಂದನದ ಪಟ್ಟದ ಗೊಂಬೆಗಳು, ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಸೈನಿಕ, ಕಿನ್ನಾಳದ ಒಂದು ಗರುಡ ಬಂದವು. ಒಬ್ಬರು 1980ರ ದಶಕದಲ್ಲಿ ಕುವೈತಿನಿಂದ ಯಜಮಾನರು ತಂದ, ಕಣ್ಣು ಮುಚ್ಚಿ ತೆರೆಯುವ ಪ್ಲಾಸ್ಟಿಕ್ ಗೊಂಬೆಯನ್ನು ಹಿಡಿದು ಬಂದರು. ಸಾಂಪ್ರದಾಯಿಕ ಗೊಂಬೆಗಳ ನಡುವೆ ಇದು ಹೊಂದುವುದೇ ಎಂದು ನಾನು ಅನುಮಾನಿಸಿದೆ. ಆಕೆ, "ಯಜಮಾನರು ಅಲ್ಲಿಂದ ಬಂದದ್ದು ನಾಲ್ಕು ವರ್ಷದ ಮೇಲೆ ಮೇಡಂ, ಮಗಳಿಗೆ ಅಪ್ಪನ ಗುರುತೇ ಸಿಗಲಿಲ್ಲ, ಮೊದಲು ಮಾತಾಡಿಸಿದ್ದು ಈ ಗೊಂಬೆಯನ್ನು" ಎಂದರು. ಆ ಮಾತನ್ನೇ ಚೀಟಿಯಲ್ಲಿ ಬರೆದು, ಪಟ್ಟದ ಗೊಂಬೆಗಳ ಪಕ್ಕದಲ್ಲೇ ಇಟ್ಟೆ. ಅಂದು ಜನ ಅತಿ ಹೆಚ್ಚು ಹೊತ್ತು ನಿಂತದ್ದು ಅದರ ಮುಂದೆ.

ಸಂಜೆ ಗೊಂಬೆಗಳನ್ನು ಹಿಂದಿರುಗಿಸುವಾಗ, ಪಟ್ಟದ ಗೊಂಬೆಗಳನ್ನು ತಂದಿದ್ದ ಅಜ್ಜಿಯವರು ಅವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮುಗಿಸಿದ ಮೇಲೂ ಮೇಜಿನ ಬಳಿಯೇ ನಿಂತಿದ್ದರು. ಏನು ಬೇಕಿತ್ತು ಎಂದು ಕೇಳಿದಾಗ, "ಆ ಚೀಟಿಯನ್ನೂ ಕೊಡ್ತೀಯೇನಮ್ಮ? ಪೆಟ್ಟಿಗೆಯಲ್ಲಿ ಇದರ ಜೊತೆಗೇ ಇಡ್ತೀನಿ" ಎಂದರು. ಉಳಿದ ಮೂವತ್ತು ಚೀಟಿಗಳನ್ನೂ ಆ ರಾತ್ರಿಯೇ ಅವರವರ ಮನೆಗೆ ತಲುಪಿಸಿ ಬಂದೆವು.